ಗಂಗಾಮೂಲದಿಂದ ಚೆಲ್ಟನ್‌ಹ್ಯಾಮಿಗೆ: ಪಂಡಿತಾ ರಮಾಬಾಯಿ

ಹೊರದೇಶಕ್ಕೆ ಓದಲು ಹೊರಟ ಕ್ರೈಸ್ತ ವಿದ್ಯಾರ್ಥಿಗಳನ್ನು ಬೀಳ್ಕೊಡುವ ಹಿರಿಯರ ಮನಸ್ಸಿನಲ್ಲಿ ಎರಡು ಬಗೆಯ ಭಯಗಳಿರುವುದನ್ನು ನಾನು ಅನೇಕ ವೇಳೆ ಕಂಡಿದ್ದೇನೆ. ಅಲ್ಲಿನ ವಿದ್ಯೆಯ ಬೆರಗಿನಲ್ಲಿ ಮಕ್ಕಳು ದೇವರನ್ನು ಮರೆತಾರು ಎಂಬುದು ಒಂದು. ಅಲ್ಲಿನ ಕ್ರೈಸ್ತರ ರೀತಿನೀತಿಗಳನ್ನೇ ಕ್ರಿಸ್ತನೆಂದು ಭ್ರಮಿಸಿ ತಮ್ಮ ಮನೆಮಾತನ್ನೂ ಊಟ ಉಡುಪನ್ನೂ ಹೀಗಳೆದಾರು ಎಂಬುದು ಇನ್ನೊಂದು. ಎರಡೂ ನಿರಾಧಾರವಾದ ಭಯಗಳಲ್ಲ. ಆದರೆ ಮೂರನೆಯ ದಾರಿಯೊಂದುಂಟು: ಶ್ರದ್ಧೆಯನ್ನು ಬಿಡದೆ, ಬುದ್ಧಿಯನ್ನು ಒತ್ತೆಯಿಡದೆ, ಕೇಳುತ್ತ ಕೇಳುತ್ತ ನಂಬಿಕೆಯಲ್ಲಿ ಬೆಳೆಯುವ ದಾರಿ. ಆ ದಾರಿ ಸುಗಮವಾದುದಲ್ಲ. ಅದನ್ನು ನಡೆದು ತೋರಿಸಿದವರು ಯಾರು ಎಂದು ಯೋಚಿಸಿದಾಗಲೆಲ್ಲ ನನಗೆ ಮೊದಲು ನೆನಪಾಗುವವರು ನಮ್ಮ ಘಟ್ಟದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ.

ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲದ ಅರಣ್ಯದಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಆ ಕಾಲದ ದೊಡ್ಡ ಸಂಸ್ಕೃತ ವಿದ್ವಾಂಸರು. ಆಚಾರದಲ್ಲಿ ಕಟ್ಟುನಿಟ್ಟಿನ ವೈದಿಕರು. ಒಂದು ವಿಷಯದಲ್ಲಿ ಮಾತ್ರ ಅವರು ಸಂಪ್ರದಾಯವನ್ನು ಮೀರಿದರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದರು. ಬಂಧುಬಳಗದವರು ಇದನ್ನು ಒಪ್ಪಲಿಲ್ಲ. ಶಾಸ್ತ್ರಿಗಳು ಜಗಳಕ್ಕೆ ನಿಲ್ಲದೆ, ಹಿಡಿದ ಹಟವನ್ನೂ ಬಿಡದೆ, ಮಡದಿಯೊಡನೆ ಕಾಡಿಗೆ ನಡೆದರು. ಆ ತಾಯಿಯೇ ಮಗಳಿಗೆ ಗುರುವಾದಳು. ಸ್ತ್ರೀಗೆ ವಿದ್ಯೆ ಸಲ್ಲದೆಂದ ಸಮಾಜದಲ್ಲಿ, ಸ್ತ್ರೀಯಿಂದಲೇ ಶಾಸ್ತ್ರವನ್ನು ಕಲಿತ ಹುಡುಗಿ ಈಕೆ. ದೊಡ್ಡವರು ಹೇಳಿದರೆಂಬ ಒಂದೇ ಕಾರಣಕ್ಕೆ ತಲೆಬಾಗದ ಗುಣ ರಮಾಬಾಯಿಯವರಿಗೆ ಇಂಗ್ಲೆಂಡಿನಲ್ಲಿ ಬಂದುದಲ್ಲ, ಹುಟ್ಟಿದ ಮನೆಯಿಂದಲೇ ಬಂದುದೆಂದು ನಾನು ತಿಳಿಯುತ್ತೇನೆ.

ಸಂಸಾರದ ಸಿರಿ ಬಹುಕಾಲ ನಿಲ್ಲಲಿಲ್ಲ. ಮನೆಮಂದಿಯೆಲ್ಲ ತೀರ್ಥದಿಂದ ತೀರ್ಥಕ್ಕೆ ನಡೆಯುತ್ತ, ಪುರಾಣಗಳನ್ನು ಓದಿ ಬಂದ ದಕ್ಷಿಣೆಯಲ್ಲಿ ಜೀವನ ಸಾಗಿಸಿದರು. ದಕ್ಷಿಣದೇಶವನ್ನು ಕ್ಷಾಮ ಹಿಡಿದಾಗ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹಸಿವಿಗೆ ಬಲಿಯಾದರು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಕಾಲ್ನಡಿಗೆಯಲ್ಲಿ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿನ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ ಎಂದೂ ಸರಸ್ವತೀ ಎಂದೂ ಬಿರುದನ್ನಿತ್ತರು. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಜಾತಿಯ ಕಟ್ಟನ್ನು ದಾಟಿ ಬಿಪಿನ್ ಬಿಹಾರಿ ದಾಸ್ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು; 1882ರ ಆರಂಭದಲ್ಲಿ ಗಂಡ ಕಾಲರಾಕ್ಕೆ ತುತ್ತಾದರು. ಇಪ್ಪತ್ತನಾಲ್ಕು ತುಂಬುವ ಮೊದಲೇ ಆಕೆ ವಿಧವೆ, ಕೈಯಲ್ಲಿ ಕೂಸು.

ಗಂಡನ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯೊಂದು ಆಕೆಗೆ ದೊರಕಿತ್ತು. ಇದು ನಡೆದದ್ದು ಸಿಲ್ಚಾರಿನ ಮನೆಯಲ್ಲಿ. ಆದರೆ ಆಗ ಆಕೆಯನ್ನು ಕಾಡಿದ್ದು ಮತದ ಪ್ರಶ್ನೆಗಿಂತ ಹೆಂಗಸರ ಪ್ರಶ್ನೆ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸರಕಾರದ ಶಿಕ್ಷಣ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಉಪಾಧ್ಯಾಯಿನಿಯರೂ ವೈದ್ಯೆಯರೂ ಬೇಕೆಂದು ವಾದಿಸಿದರು. ತಾವೇ ವೈದ್ಯವನ್ನು ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೊರಟರು. ತಾವು ಬರೆದ ‘ಸ್ತ್ರೀ ಧರ್ಮನೀತಿ’ ಎಂಬ ಮರಾಠಿ ಪುಸ್ತಕದಿಂದ ಬಂದ ಹಣ ಪ್ರಯಾಣಕ್ಕೆ ಒದಗಿತು. ಜೊತೆಯಲ್ಲಿ ಎರಡು ವರ್ಷದ ಮಗಳು, ಆನಂದಿಬಾಯಿ ಭಗತ್ ಎಂಬ ಗೆಳತಿ.

ಅವರನ್ನು ಬರಮಾಡಿಕೊಂಡವರು ವಾಂಟೇಜ್ ಎಂಬ ಊರಿನಲ್ಲಿದ್ದ ಸಂತ ಮೇರಿಯ ಸೋದರಿಯರು. ಆಂಗ್ಲಿಕನ್ ಸಭೆಗೆ ಸೇರಿದ ಸನ್ಯಾಸಿನಿಯರ ಮಠ ಅದು. ಬಂದ ವರ್ಷವೇ ಎರಡು ಪೆಟ್ಟುಗಳು ಬಿದ್ದವು. ಕಿವಿ ಮಂದವಾಗಿದ್ದುದರಿಂದ ವೈದ್ಯ ಕಲಿಯುವ ಆಸೆಯನ್ನು ಕೈಬಿಡಬೇಕಾಯಿತು. ಜೊತೆಗೆ ಬಂದ ಗೆಳತಿ ಪರದೇಶದಲ್ಲಿ ಮನಸ್ಸಿನ ಸ್ಥಿಮಿತ ಕಳೆದುಕೊಂಡು ತನ್ನ ಜೀವವನ್ನು ತಾನೇ ತೆಗೆದುಕೊಂಡಳು. ಹೊರದೇಶದ ಓದನ್ನು ಹೊಗಳುವವರು ಈ ಸಂಗತಿಯನ್ನು ಮರೆಯಬಾರದು. ಒಂದೇ ಹಡಗಿನಲ್ಲಿ ಹೋದ ಇಬ್ಬರಲ್ಲಿ ಒಬ್ಬಳು ಮರಳಿ ಬರಲಿಲ್ಲ.

ರಮಾಬಾಯಿಯವರ ಹೃದಯವನ್ನು ತಿರುಗಿಸಿದ್ದು ಉಪದೇಶವಲ್ಲ, ಒಂದು ನೋಟ. ಸೋದರಿಯರು ಆಕೆಯನ್ನು ಲಂಡನ್ನಿನ ಫುಲ್‌ಹ್ಯಾಮ್ ಎಂಬಲ್ಲಿಗೆ ಕರೆದೊಯ್ದರು. ಸಮಾಜ ಪತಿತೆಯರೆಂದು ಹೊರಹಾಕಿದ ಹೆಂಗಸರನ್ನು ಅಲ್ಲಿ ಸೋದರಿಯರೇ ಸಾಕಿ, ಕೆಲಸ ಕಲಿಸಿ, ಗೌರವದಿಂದ ನಡೆಸಿಕೊಳ್ಳುತ್ತಿದ್ದರು. ಇಂಥ ಹೆಂಗಸರಿಗೆ ಶಾಸ್ತ್ರ ವಿಧಿಸುವ ದಂಡನೆಯನ್ನು ಬಲ್ಲ ರಮಾಬಾಯಿಯವರಿಗೆ ಇದು ಹೊಸ ಲೋಕ. ಇವರಿಗೆ ಈ ಕರುಣೆ ಎಲ್ಲಿಂದ ಬಂತೆಂದು ಕೇಳಿದರು. ಉತ್ತರವಾಗಿ ಸೋದರಿಯೊಬ್ಬಳು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು, ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತನಾಡಿದ ಕಥೆಯನ್ನು, ಓದಿ ವಿವರಿಸಿದಳು. ಹಿಂದೂದೇಶದ ತುಳಿತಕ್ಕೊಳಗಾದ ಹೆಂಗಸರನ್ನು ಎತ್ತಬಲ್ಲವನು ಈತನೇ ಎಂದು ಆಕೆಗೆ ಅಂದು ಮನವರಿಕೆಯಾಯಿತು. 1883ರ ಸೆಪ್ಟೆಂಬರ್ 29ರಂದು ತಾಯಿಯೂ ಮಗಳೂ ದೀಕ್ಷಾಸ್ನಾನ ಪಡೆದರು.

ಸಾಮಾನ್ಯ ಚರಿತ್ರಕಾರನಾದರೆ ಇಲ್ಲಿಗೆ ಕಥೆಯನ್ನು ಮಂಗಳ ಹಾಡಿ ಮುಗಿಸಿಯಾನು. ನನ್ನ ದೃಷ್ಟಿಯಲ್ಲಿ ಕಥೆ ಇಲ್ಲಿಂದ ಆರಂಭವಾಗುತ್ತದೆ. 1884ರಲ್ಲಿ ರಮಾಬಾಯಿ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜನ್ನು ಸೇರಿದರು. ಆ ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್, ಇಂಗ್ಲೆಂಡಿನ ಸ್ತ್ರೀಶಿಕ್ಷಣದ ಚರಿತ್ರೆಯಲ್ಲಿ ದೊಡ್ಡ ಹೆಸರು. ರಮಾಬಾಯಿ ಹುಟ್ಟಿದ 1858ರಲ್ಲೇ ಆಕೆ ಆ ಪದವಿಗೆ ಬಂದಿದ್ದರು. ರಮಾಬಾಯಿ ಅಲ್ಲಿ ಓದುವವರೂ ಹೌದು, ಸಂಸ್ಕೃತ ಕಲಿಸುವವರೂ ಹೌದು. ಇಂಗ್ಲಿಷಿನ ಹಿಡಿತ ಬಲವಾದಂತೆ ಪ್ರಶ್ನೆಗಳು ಮೊಳೆತವು. ದೇವರು ಒಬ್ಬನೇ ಎಂದ ಮೇಲೆ ತ್ರಯೇಕತ್ವ ಹೇಗೆ ಕೂಡುತ್ತದೆ? ಯೇಸು ತಾನೇ ಬೋಧಿಸಿದ್ದೆಷ್ಟು, ಸಭೆಯವರು ಅನಂತರ ಸೇರಿಸಿದ್ದೆಷ್ಟು? ಪುರೋಹಿತರ ನೊಗವನ್ನು ಸ್ವದೇಶದಲ್ಲಿ ಕಷ್ಟಪಟ್ಟು ಕಳಚಿಕೊಂಡವಳು ಪರದೇಶದಲ್ಲಿ ಅಂಥದೇ ಇನ್ನೊಂದು ನೊಗಕ್ಕೆ ಹೆಗಲು ಕೊಡಬೇಕೇ? ಇವನ್ನೆಲ್ಲ ಆಕೆ ವಾಂಟೇಜಿನ ಸೋದರಿ ಜೆರಾಲ್ಡೀನ್ ಅವರಿಗೆ ಕಾಗದದ ಮೇಲೆ ಕಾಗದ ಬರೆದು ಕೇಳಿದರು.

ಜೆರಾಲ್ಡೀನ್ ಆಕೆಗೆ ಆಧ್ಯಾತ್ಮಿಕ ತಾಯಿಯ ಸ್ಥಾನದಲ್ಲಿದ್ದವರು. ಪ್ರೀತಿ ಎರಡು ಕಡೆಯಲ್ಲೂ ನಿಜವಾದುದು. ಆದುದರಿಂದಲೇ ನೋವೂ ನಿಜವಾದುದು. ಮಠದ ಆಶ್ರಯದಲ್ಲಿದ್ದವಳು ಮಠದ ಬೋಧನೆಯನ್ನು ಒರೆಗೆ ಹಚ್ಚುವುದು ಸೋದರಿಗೆ ಅಹಂಕಾರವಾಗಿ ಕಂಡಿತು. ಪುಟ್ಟ ಮನೋರಮೆಗೆ ಯಾವ ತತ್ತ್ವಗಳನ್ನು ಕಲಿಸಬೇಕೆಂಬುದರಲ್ಲಿಯೂ ವಿವಾದ ಎದ್ದಿತು. ಇದರ ನಡುವೆ, 1885ರಲ್ಲಿ, ರಮಾಬಾಯಿ ಗಂಡಸರಿಗೆ ಪಾಠ ಹೇಳುವುದು ಉಚಿತವಲ್ಲವೆಂದು ಇಂಡಿಯಾದ ಬಿಷಪ್ಪರು ಅಭಿಪ್ರಾಯಪಟ್ಟರು. ಪಂಡಿತರ ಸಭೆಗಳಲ್ಲಿ ಗಂಡಸರ ಮುಂದೆ ನಿರ್ಭಯವಾಗಿ ಮಾತನಾಡಿ ಬಂದವರಿಗೆ ಕ್ರೈಸ್ತದೇಶದಲ್ಲಿ ಈ ಅಡ್ಡಿ ಎದುರಾದುದು ಆಶ್ಚರ್ಯವನ್ನೂ ವ್ಯಥೆಯನ್ನೂ ಉಂಟುಮಾಡಿತು. ಸಣ್ಣ ಸಂಗತಿಗಳಲ್ಲೂ ಆಕೆ ಬಗ್ಗಲಿಲ್ಲ. ಸಸ್ಯಾಹಾರವನ್ನು ಬಿಡಲಿಲ್ಲ. ಶಿಲುಬೆಯ ಮೇಲಿನ ಬರಹ ಲ್ಯಾಟಿನ್ನಿನಲ್ಲಿಯೇ ಏಕಿರಬೇಕು, ಸಂಸ್ಕೃತದಲ್ಲೇಕಿರಬಾರದು ಎಂದು ಕೇಳಿದರು.

ಈ ಹೊಯ್ದಾಟದಲ್ಲಿ ಡೊರೊಥಿಯಾ ಬೀಲ್ ಅವರ ನಡತೆ ಉಪಾಧ್ಯಾಯರೆಲ್ಲರಿಗೂ ಪಾಠವಾಗಬಲ್ಲದು. ತತ್ತ್ವಜಿಜ್ಞಾಸೆಯಲ್ಲಿ ಪಳಗಿದ ಮನಸ್ಸು ಇದು, ಬಾಯಿ ಮುಚ್ಚಿಸಿದರೆ ನಂಬಿಕೆ ಹುಟ್ಟುವುದಿಲ್ಲ, ತಾನಾಗಿ ಯೋಚಿಸಿಯೇ ಸತ್ಯವನ್ನು ಮುಟ್ಟಬೇಕು ಎಂದು ಆಕೆ ಕಂಡುಕೊಂಡರು; ಸಂಶಯಗಳನ್ನು ತಾಳ್ಮೆಯಿಂದ ಕೇಳಿದರು. ಸೋದರಿ ಜೆರಾಲ್ಡೀನ್ ಅವರಿಗೂ ನ್ಯಾಯ ಸಲ್ಲಬೇಕು. ತಮ್ಮ ಮಾತಿಗೆ ಎದುರಾಗಿ ಬಂದ ಆ ಕಾಗದಗಳನ್ನು ಅವರು ಹರಿದೆಸೆಯದೆ ಕೂಡಿಸಿಟ್ಟರು. 1977ರಲ್ಲಿ ಅವು ಗ್ರಂಥರೂಪದಲ್ಲಿ ಪ್ರಕಟವಾದುದರಿಂದಲೇ ಇಂದು ನಾವು ಈ ವಾದದ ಎರಡು ಪಕ್ಷಗಳನ್ನೂ ಓದಬಲ್ಲೆವು.

1886ರ ಆರಂಭದಲ್ಲಿ ರಮಾಬಾಯಿ ಅಮೆರಿಕಕ್ಕೆ ಹೋದರು. ಬಂಧುವಾದ ಆನಂದಿಬಾಯಿ ಜೋಶಿ ಫಿಲಡೆಲ್ಫಿಯದಲ್ಲಿ ವೈದ್ಯಪದವಿ ಪಡೆಯುವುದನ್ನು ಕಣ್ಣಾರೆ ಕಂಡರು. ಎರಡು ವರ್ಷಕ್ಕೂ ಮೀರಿ ಅಲ್ಲಿ ಸಂಚರಿಸಿ ಉಪನ್ಯಾಸ ಮಾಡಿದರು; ಶಿಶುವಿಹಾರದ ಶಿಕ್ಷಣಕ್ರಮವನ್ನು ಅಭ್ಯಸಿಸಿದರು; 1887ರಲ್ಲಿ ಉಚ್ಚವರ್ಣದ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತ ಇಂಗ್ಲಿಷ್ ಪುಸ್ತಕವನ್ನು ಪ್ರಕಟಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಆಕೆಯ ಕಾರ್ಯಕ್ಕೆ ನೆರವಾಗಲು ಬಾಸ್ಟನ್ನಿನಲ್ಲಿ ಸಂಘವೊಂದು ಹುಟ್ಟಿತು. ಕ್ರೈಸ್ತಸಭೆ ಒಂದಲ್ಲ, ಹಲವೆಂಬುದನ್ನೂ, ಅವು ಒಂದರ ಪಕ್ಕದಲ್ಲೊಂದು ಬಾಳಬಲ್ಲವೆಂಬುದನ್ನೂ ಆಕೆ ಕಂಡದ್ದು ಅಲ್ಲಿ. ಮೆಚ್ಚಿಗೆ ಕಣ್ಣನ್ನು ಕಟ್ಟಲಿಲ್ಲ. ಮರಳಿ ಬಂದ ಮೇಲೆ ಅಮೆರಿಕವನ್ನು ಕುರಿತು ಮರಾಠಿಯಲ್ಲಿ ಬರೆದ ಪುಸ್ತಕದಲ್ಲಿ ಅಲ್ಲಿನ ಸ್ತ್ರೀಯರ ಸಂಘಟನೆಯನ್ನು ಕೊಂಡಾಡಿದಂತೆಯೇ, ಕರಿಯರನ್ನೂ ಮೂಲನಿವಾಸಿಗಳನ್ನೂ ಆ ದೇಶ ನಡೆಸಿಕೊಂಡ ರೀತಿಯನ್ನು ಖಂಡಿಸಿದರು.

1889ರಲ್ಲಿ ಸ್ವದೇಶಕ್ಕೆ ಬಂದು ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. ವಿದ್ಯೆ ಮುಗಿದಿದ್ದರೂ ಅಂತರಂಗದ ಓದು ಮುಗಿದಿರಲಿಲ್ಲ. ದೀಕ್ಷಾಸ್ನಾನವಾಗಿ ಎಂಟು ವರ್ಷವಾದ ಮೇಲೆ, 1891ರಲ್ಲಿ, ತಾನು ಇದುವರೆಗೆ ಕಂಡುಕೊಂಡದ್ದು ಕ್ರೈಸ್ತಮತವನ್ನೇ ಹೊರತು ಕ್ರಿಸ್ತನನ್ನಲ್ಲ ಎಂಬ ಅರಿವು ಆಕೆಯನ್ನು ಅಲುಗಿಸಿತು. ಅಂದಿನಿಂದ ನಂಬಿಕೆ ವಾದದ ವಿಷಯವಾಗಿ ಉಳಿಯದೆ ಉಸಿರಾಯಿತು. ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಆಕೆ ಬಾಗಿಲು ತೆರೆದೇ ಮಾಡುತ್ತಿದ್ದ ಪ್ರಾರ್ಥನೆಗೆ ಸದನದ ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳತೊಡಗಿದಾಗ ಪುಣೆಯಲ್ಲಿ ಕೋಲಾಹಲವೆದ್ದಿತು. 1893ರಲ್ಲಿ ರಾನಡೆ, ಭಾಂಡಾರಕರರಂಥ ಹಿತೈಷಿಗಳು ಸಲಹಾಮಂಡಲಿಯನ್ನು ಬಿಟ್ಟರು. ಅನೇಕರು ತಮ್ಮ ಹೆಣ್ಣುಮಕ್ಕಳನ್ನು ಕರೆದೊಯ್ದರು. ಆಶ್ರಯ ನೀಡುವ ಮನೆಯಲ್ಲಿ ಮತದ ಆಕರ್ಷಣೆಯೂ ಸೇರಬಹುದೇ ಎಂಬ ಅವರ ಪ್ರಶ್ನೆಯನ್ನು ಹುರುಳಿಲ್ಲದ್ದೆಂದು ನಾನು ತಳ್ಳಿಹಾಕಲಾರೆ. ಬಾಗಿಲು ಮುಚ್ಚಿ ಪ್ರಾರ್ಥಿಸಲು ರಮಾಬಾಯಿ ಒಪ್ಪಲಿಲ್ಲ. ಸ್ವಜನರ ಸಖ್ಯವನ್ನು ಕಳೆದುಕೊಂಡ ಆ ಗಾಯ ಮಾತ್ರ ಮಾಯಲಿಲ್ಲ.

ಮುಂದಿನದು ಎಲ್ಲರೂ ಬಲ್ಲ ಕಥೆ. 1896-97ರ ಕ್ಷಾಮದಲ್ಲಿ, ತನ್ನವರನ್ನು ಹಸಿವಿನಲ್ಲಿ ಕಳೆದುಕೊಂಡ ನೆನಪನ್ನು ಹೊತ್ತು ಮಧ್ಯಪ್ರಾಂತಗಳಿಗೆ ಹೋಗಿ, ನೂರಾರು ಅನಾಥೆಯರನ್ನು ಪುಣೆಯ ಸಮೀಪದ ಕೇಡಗಾಂವಿಗೆ ಕರೆತಂದರು. ಅಲ್ಲಿ ಬೆಳೆದುನಿಂತದ್ದೇ ಮುಕ್ತಿ. ಅದರ ಆವರಣದಲ್ಲಿ ಸಮಾಜ ಹೊರಹಾಕಿದ ಹೆಂಗಸರಿಗಾಗಿಯೇ ಕೃಪಾ ಸದನವೆಂಬ ಮನೆಯನ್ನು ಕಟ್ಟಿಸಿದರು. ಫುಲ್‌ಹ್ಯಾಮಿನಲ್ಲಿ ಕಂಡದ್ದು ಹೀಗೆ ಮಹಾರಾಷ್ಟ್ರದ ಮಣ್ಣಿನಲ್ಲಿ ಎರಡನೆಯ ಬಾರಿ ಎದ್ದು ನಿಂತಿತು. ಮಗಳು ಮನೋರಮೆಯ ಮೂಲಕ ಆ ಕಾರ್ಯ ನಮ್ಮ ಗುಲ್ಬರ್ಗಕ್ಕೂ ಬಂದು ಅಲ್ಲೊಂದು ಶಾಲೆಯಾಯಿತು.

ಚೆಲ್ಟನ್‌ಹ್ಯಾಮಿನ ಪ್ರಶ್ನೆಗಳು ಏನಾದವು? ಅವೂ ವ್ಯರ್ಥವಾಗಲಿಲ್ಲ. ಸತ್ಯವೇದವನ್ನು ಇನ್ನೊಬ್ಬರ ಬಾಯಿಂದ ಕೇಳಿ ತೃಪ್ತಿಪಡಲಾರದ ಆಕೆ, ನಡುವಯಸ್ಸು ದಾಟುತ್ತಿದ್ದಾಗ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ಇಡೀ ಗ್ರಂಥವನ್ನು ಮೂಲದಿಂದ ಮರಾಠಿಗೆ ತಂದರು. ಶಿಲುಬೆಯ ಮೇಲೆ ಸಂಸ್ಕೃತ ಬೇಕೆಂದಿದ್ದ ಪಂಡಿತೆ, ಈಗ ಓದುಬರಹ ಹೊಸದಾಗಿ ಕಲಿತ ಹಳ್ಳಿಯ ಹೆಂಗಸಿಗೂ ತಿಳಿಯುವ ಸರಳ ಮಾತನ್ನು ಹುಡುಕುತ್ತಿದ್ದರು. ಮುಕ್ತಿಯ ಹೆಣ್ಣುಮಕ್ಕಳೇ ಅಕ್ಷರ ಜೋಡಿಸಿ ಅದನ್ನು ಅಚ್ಚು ಹಾಕಿದರು. 1921ರಲ್ಲಿ ಮನೋರಮಾ ತೀರಿಕೊಂಡಳು. ತಾಯಿ ಆ ದುಃಖದಲ್ಲೂ ಕೆಲಸವನ್ನು ಕೊನೆಮುಟ್ಟಿಸಿ, 1922ರ ಏಪ್ರಿಲ್ 5ರಂದು ಕಣ್ಮುಚ್ಚಿದರು. ಸಂಪೂರ್ಣ ಗ್ರಂಥ 1924ರಲ್ಲಿ ಹೊರಬಂದಿತು.

ಇಂಗ್ಲೆಂಡು ರಮಾಬಾಯಿಯವರಿಗೆ ಸಿದ್ಧವಾದ ನಂಬಿಕೆಯನ್ನು ಕೊಡಲಿಲ್ಲ. ಒಂದು ಕರುಣೆಯ ದೃಶ್ಯವನ್ನೂ, ಕೇಳಲು ಕೆಲವು ಪ್ರಶ್ನೆಗಳನ್ನೂ, ಅವನ್ನು ತಾಳಿಕೊಂಡ ಒಬ್ಬ ಗುರುವನ್ನೂ ಕೊಟ್ಟಿತು. ಉಳಿದುದನ್ನು ಆಕೆ ತಮ್ಮ ಜೀವಮಾನವೆಲ್ಲ ದುಡಿದು ಸಂಪಾದಿಸಿದರು. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸುವ ಹಿರಿಯರು ಅವರಿಂದ ಉತ್ತರಗಳನ್ನೇ ನಿರೀಕ್ಷಿಸದೆ ಇಂಥ ಪ್ರಶ್ನೆಗಳೊಡನೆ ಮರಳಿ ಬರಲೆಂದು ಹರಸಿದರೆ, ಆ ಹರಕೆಯಲ್ಲಿ ಅವರ ಭಯಕ್ಕೂ ಸಮಾಧಾನವಿದೆ ಎಂದು ನನಗೆ ತೋರುತ್ತದೆ.