ಮೇಡಂ ಕ್ಯೂರಿಯ ವಿದ್ಯಾರ್ಥಿದೆಸೆ

1891ನೆಯ ಇಸವಿಯ ನವೆಂಬರ್ ತಿಂಗಳು. ಪೋಲೆಂಡಿನ ವಾರ್ಸಾ ನಗರದಿಂದ ಇಪ್ಪತ್ತನಾಲ್ಕರ ಹರೆಯದ ತರುಣಿಯೊಬ್ಬಳು ರೈಲಿನಲ್ಲಿ ಪ್ಯಾರಿಸಿಗೆ ಹೊರಟಿದ್ದಳು. ಜರ್ಮನಿಯ ಮೂಲಕ ಹಾದುಹೋಗುವಾಗ ಆಕೆ ಕೊಂಡಿದ್ದುದು ನಾಲ್ಕನೆಯ ದರ್ಜೆಯ ಟಿಕೆಟು. ಆ ದರ್ಜೆಯ ಗಾಡಿಗಳಲ್ಲಿ ಕುಳಿತುಕೊಳ್ಳಲು ತಕ್ಕ ಆಸನಗಳಿರಲಿಲ್ಲ. ಆದುದರಿಂದ ಮಡಿಸುವ ಕುರ್ಚಿಯೊಂದನ್ನೂ ದಾರಿಯ ಬುತ್ತಿಯನ್ನೂ ಹೊದೆಯುವ ಕಂಬಳಿಯನ್ನೂ ಆಕೆ ತನ್ನೊಡನೆ ಒಯ್ದಿದ್ದಳು. ಈ ಪ್ರಯಾಣಕ್ಕಾಗಿ ಆಕೆ ಆರು ವರ್ಷಗಳಿಂದ ಕಾದಿದ್ದಳು. ಆಕೆಯ ಹೆಸರು ಮಾರ್ಯ ಸ್ಕ್ಲೊಡೊವ್‌ಸ್ಕ. ಮುಂದೆ ಜಗತ್ತು ಆಕೆಯನ್ನು ಮೇಡಂ ಕ್ಯೂರಿ ಎಂದು ಕರೆಯಿತು.

ಮಾರ್ಯ ಹುಟ್ಟಿದ್ದು 1867ನೆಯ ನವೆಂಬರ್ 7ರಂದು. ಆಗ ಪೋಲೆಂಡ್ ಎಂಬ ರಾಷ್ಟ್ರ ಭೂಪಟದಲ್ಲಿ ಇರಲಿಲ್ಲ. ನೆರೆಯ ಮೂರು ಬಲಾಢ್ಯ ರಾಜ್ಯಗಳು ಅದನ್ನು ಹಂಚಿಕೊಂಡಿದ್ದವು. ವಾರ್ಸಾ ನಗರವು ರಷ್ಯದ ಚಕ್ರವರ್ತಿಯ ಪಾಲಿಗೆ ಬಂದಿತ್ತು. ಶಾಲೆಗಳಲ್ಲಿ ಪಾಠವೆಲ್ಲ ರಷ್ಯನ್ ಭಾಷೆಯಲ್ಲಿ ನಡೆಯಬೇಕಾಗಿತ್ತು. ಮಕ್ಕಳು ತಮ್ಮ ನಾಡಿನ ಚರಿತ್ರೆಯನ್ನು ಕದ್ದು ಕಲಿಯುತ್ತಿದ್ದರು. ತನಿಖಾಧಿಕಾರಿ ಬರುವ ಸುಳಿವು ಸಿಕ್ಕೊಡನೆ ಆ ಪುಸ್ತಕಗಳನ್ನು ಅಡಗಿಸಿಡುತ್ತಿದ್ದರು. ಮಾರ್ಯಳ ತಂದೆ ಗಣಿತ ಮತ್ತು ಭೌತಶಾಸ್ತ್ರದ ಉಪಾಧ್ಯಾಯರು. ಶಾಲೆಗಳಲ್ಲಿ ಪ್ರಯೋಗಪಾಠಗಳನ್ನು ಸರ್ಕಾರ ಮೊಟಕುಗೊಳಿಸಿದಾಗ ಅವರು ಕೆಲವು ಉಪಕರಣಗಳನ್ನು ಮನೆಗೆ ತಂದು ಗಾಜಿನ ಕಪಾಟಿನಲ್ಲಿ ಇರಿಸಿದ್ದರು. ಗಾಜಿನ ನಳಿಗೆಗಳು, ಪುಟ್ಟ ತಕ್ಕಡಿಗಳು, ಚಿನ್ನದ ರೇಕಿನ ವಿದ್ಯುದ್ದರ್ಶಕ ಇವುಗಳನ್ನು ನೋಡುತ್ತ ಬಾಲಕಿ ಕಪಾಟಿನ ಮುಂದೆ ಬಹಳ ಹೊತ್ತು ನಿಲ್ಲುತ್ತಿದ್ದಳು.

ಅವಳ ಬಾಲ್ಯ ಸುಖದ್ದಾಗಿರಲಿಲ್ಲ. ಎಂಟು ವರ್ಷದವಳಿದ್ದಾಗ ಹಿರಿಯಕ್ಕ ಜ್ವರದಿಂದ ತೀರಿಕೊಂಡಳು. ಎರಡು ವರ್ಷಗಳ ತರುವಾಯ ತಾಯಿ ಕ್ಷಯರೋಗಕ್ಕೆ ಬಲಿಯಾದಳು. 1883ರಲ್ಲಿ ಮಾರ್ಯ ಪ್ರೌಢಶಾಲೆಯ ವಿದ್ಯಾಭ್ಯಾಸವನ್ನು ಚಿನ್ನದ ಪದಕದೊಡನೆ ಮುಗಿಸಿದಳು. ಮುಂದೇನು? ವಾರ್ಸಾ ವಿಶ್ವವಿದ್ಯಾನಿಲಯದಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಪೊಲೀಸರ ಕಣ್ಣು ತಪ್ಪಿಸಿ ಮನೆಯಿಂದ ಮನೆಗೆ ಸ್ಥಳ ಬದಲಿಸುತ್ತ ನಡೆಯುತ್ತಿದ್ದ ಗುಪ್ತ ತರಗತಿಗಳಲ್ಲಿ ಅವಳೂ ಅವಳ ಅಕ್ಕ ಬ್ರೊನ್ಯಳೂ ಸೇರಿಕೊಂಡರು. ಆದರೆ ಆ ತರಗತಿಗಳಿಂದ ಪದವಿ ದೊರೆಯುವಂತಿರಲಿಲ್ಲ, ಪ್ರಯೋಗಶಾಲೆಯಂತೂ ಕನಸಿನ ಮಾತು. ಪದವಿ ಬೇಕಾದರೆ ಪರದೇಶಕ್ಕೆ ಹೋಗಬೇಕು. ತಂದೆಯ ಬಳಿ ಒಬ್ಬಳನ್ನು ಕಳುಹಿಸುವಷ್ಟು ಹಣವೂ ಇರಲಿಲ್ಲ.

ಆಗ ಅಕ್ಕತಂಗಿಯರು ಒಂದು ಒಪ್ಪಂದಕ್ಕೆ ಬಂದರು. ಬ್ರೊನ್ಯ ಮೊದಲು ಪ್ಯಾರಿಸಿಗೆ ಹೋಗಿ ವೈದ್ಯವಿದ್ಯೆ ಕಲಿಯುವುದು. ಮಾರ್ಯ ಊರಿನಲ್ಲಿ ದುಡಿದು ಅಕ್ಕನಿಗೆ ಹಣ ಕಳುಹಿಸುವುದು. ಅಕ್ಕ ವೈದ್ಯಳಾದ ಮೇಲೆ ತಂಗಿಯನ್ನು ಕರೆಸಿಕೊಂಡು ಓದಿಸುವುದು. ಕಾಗದವಿಲ್ಲ, ಸಾಕ್ಷಿಯಿಲ್ಲ. 1885ರಲ್ಲಿ ಬ್ರೊನ್ಯ ಹೊರಟುಹೋದಳು.

ಮಾರ್ಯ ಸಿರಿವಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದಳು. 1886ರ ಜನವರಿಯಿಂದ ಮೂರು ವರ್ಷಗಳಿಗೂ ಹೆಚ್ಚು ಕಾಲ ಅವಳು ಇದ್ದುದು ವಾರ್ಸಾದಿಂದ ದೂರದ ಷ್ಚೂಕಿ ಎಂಬ ಹಳ್ಳಿಯಲ್ಲಿ. ಹಗಲೆಲ್ಲ ಜಮೀನ್ದಾರರ ಮಕ್ಕಳಿಗೆ ಪಾಠ. ಬಿಡುವಿನ ವೇಳೆಯಲ್ಲಿ ರೈತರ ಮಕ್ಕಳನ್ನು ಕೂಡಿಸಿಕೊಂಡು ಪೋಲಿಷ್ ಅಕ್ಷರ ಕಲಿಸುವುದು. ಸರ್ಕಾರಕ್ಕೆ ತಿಳಿದಿದ್ದರೆ ಇದಕ್ಕಾಗಿ ಕಠಿನ ಶಿಕ್ಷೆಯಾಗುತ್ತಿತ್ತು. ರಾತ್ರಿ ತನ್ನ ಕೋಣೆಯಲ್ಲಿ ಭೌತಶಾಸ್ತ್ರದ ಮತ್ತು ಗಣಿತದ ಗ್ರಂಥಗಳನ್ನು ತೆರೆಯುತ್ತಿದ್ದಳು. ತೊಡಕಾದ ಲೆಕ್ಕಗಳನ್ನು ತಂದೆಗೆ ಬರೆದು ಕಳುಹಿಸಿ ಅಂಚೆಯ ಮೂಲಕವೇ ಪಾಠ ಹೇಳಿಸಿಕೊಳ್ಳುತ್ತಿದ್ದಳು. ಸಾಹಿತ್ಯ, ಸಮಾಜಶಾಸ್ತ್ರ, ವಿಜ್ಞಾನ ಇವುಗಳಲ್ಲಿ ತನಗೆ ಬೇಕಾದುದು ಯಾವುದೆಂಬ ಸಂದೇಹ ಅಲ್ಲಿಯವರೆಗೂ ಇತ್ತು; ಅದು ಬಗೆಹರಿದುದು ಆ ಹಳ್ಳಿಯ ರಾತ್ರಿಗಳಲ್ಲಿಯೇ. ಒಮ್ಮೊಮ್ಮೆ ಮನಸ್ಸು ಸೋತು, ಪ್ಯಾರಿಸಿನ ಆಸೆಯನ್ನೇ ಬಿಟ್ಟದ್ದೂ ಉಂಟು. ಅಕ್ಕನಿಂದ ಕರೆ ಬಂದಾಗ ತಂದೆಯನ್ನು ಬಿಟ್ಟು ಬರಲಾರೆನೆಂದು ಅವಳು ಮೊದಲು ಹಿಂಜರಿದಳು. ಕೊನೆಗೆ ವಾರ್ಸಾದ ಒಂದು ಸಣ್ಣ ಪ್ರಯೋಗಶಾಲೆಯಲ್ಲಿ ತನ್ನ ಕೈಯಾರೆ ಪ್ರಯೋಗ ಮಾಡುವ ಅವಕಾಶ ದೊರೆತ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

ಪ್ಯಾರಿಸಿನ ಸಾರ್ಬಾನ್ ವಿಶ್ವವಿದ್ಯಾನಿಲಯದಲ್ಲಿ ಅವಳು ತನ್ನ ಹೆಸರನ್ನು ಫ್ರೆಂಚ್ ರೀತಿಯಲ್ಲಿ ಮೇರಿ ಎಂದು ಬರೆಯಿಸಿದಳು. ವಿಜ್ಞಾನ ವಿಭಾಗದಲ್ಲಿ ವಿದ್ಯಾರ್ಥಿನಿಯರ ಸಂಖ್ಯೆ ಅತ್ಯಲ್ಪವಾಗಿತ್ತು. ಗೇಬ್ರಿಯಲ್ ಲಿಪ್‌ಮನ್ ಭೌತಶಾಸ್ತ್ರವನ್ನೂ ಪಾಲ್ ಆಪೆಲ್ ಗಣಿತವನ್ನೂ ಬೋಧಿಸುತ್ತಿದ್ದರು. ತನಗೆ ಫ್ರೆಂಚ್ ಚೆನ್ನಾಗಿ ಬರುತ್ತದೆಂದು ತಿಳಿದಿದ್ದ ಮೇರಿಗೆ, ವೇಗವಾಗಿ ಸಾಗುವ ಉಪನ್ಯಾಸಗಳಲ್ಲಿ ವಾಕ್ಯಗಳೇ ತಪ್ಪಿಹೋಗುತ್ತಿದ್ದವು. ಗಣಿತದಲ್ಲಿಯೂ ಅವಳು ಫ್ರೆಂಚ್ ಸಹಪಾಠಿಗಳಿಗಿಂತ ಹಿಂದೆ ಇದ್ದಳು. ಒಬ್ಬಳೇ ಕುಳಿತು ಓದಿದ ವಿದ್ಯೆಯಲ್ಲಿ ಎಲ್ಲೆಲ್ಲಿ ಬಿರುಕುಗಳಿರುತ್ತವೆ ಎಂಬುದು ತರಗತಿಯಲ್ಲಿ ಕುಳಿತಾಗಲೇ ಗೊತ್ತಾಯಿತು.

ಮೊದಲ ಕೆಲವು ತಿಂಗಳು ಅವಳು ಅಕ್ಕನ ಮನೆಯಲ್ಲಿದ್ದಳು. ಅಕ್ಕನ ಪತಿಯೂ ವೈದ್ಯ. ಮನೆಗೆ ರೋಗಿಗಳು, ಗೆಳೆಯರು ಸದಾ ಬಂದು ಹೋಗುತ್ತಿದ್ದರು. ಕುದುರೆ ಬಂಡಿಯಲ್ಲಿ ವಿಶ್ವವಿದ್ಯಾನಿಲಯಕ್ಕೆ ಹೋಗಲು ಒಂದು ಗಂಟೆ ಹಿಡಿಯುತ್ತಿತ್ತು. ಆದುದರಿಂದ 1892ರಲ್ಲಿ ಆಕೆ ಸಾರ್ಬಾನಿನ ಸಮೀಪದಲ್ಲಿ ಮಾಡಿನ ಕೆಳಗಿನ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಳು. ಅದು ಆರನೆಯ ಅಂತಸ್ತು. ಒಲೆಯ ಕಲ್ಲಿದ್ದಲನ್ನು ತಾನೇ ಹೊತ್ತು ಮೇಲಕ್ಕೆ ತರಬೇಕು. ಚಳಿಗಾಲದ ರಾತ್ರಿ ಕೋಣೆಯಲ್ಲಿದ್ದ ನೀರು ಹೆಪ್ಪುಗಟ್ಟುತ್ತಿತ್ತು. ಇದ್ದ ಬಟ್ಟೆಯನ್ನೆಲ್ಲ ಹೊದಿಕೆಯ ಮೇಲೆ ಹೇರಿಕೊಂಡು ಮಲಗುತ್ತಿದ್ದಳು. ದೀಪದ ಎಣ್ಣೆಯನ್ನು ಉಳಿಸಲು ರಾತ್ರಿ ಹತ್ತು ಗಂಟೆಯವರೆಗೆ ಸಾರ್ವಜನಿಕ ಪುಸ್ತಕಾಲಯದಲ್ಲಿ ಓದುವಳು. ದಿನಕ್ಕೆ ಸುಮಾರು 3 ಫ್ರಾಂಕುಗಳಲ್ಲಿ ಬಾಡಿಗೆ, ಊಟ, ಪುಸ್ತಕ, ಶುಲ್ಕ ಎಲ್ಲವೂ ನಡೆಯಬೇಕು. ಬ್ರೆಡ್ಡು, ಚಹಾ, ಎಂದಾದರೊಮ್ಮೆ ಮೊಟ್ಟೆ. ಒಂದು ದಿನ ಗೆಳತಿಯ ಎದುರಿಗೆ ಮೂರ್ಛೆ ಬಿದ್ದಳು. ಭಾವ ಓಡಿ ಬಂದು ವಿಚಾರಿಸಿದಾಗ, ಹಿಂದಿನ ದಿನದಿಂದ ಅವಳು ತಿಂದಿದ್ದುದು ಸ್ವಲ್ಪ ಮೂಲಂಗಿ ಮತ್ತು ಚೆರಿ ಹಣ್ಣು ಮಾತ್ರವೆಂದು ತಿಳಿಯಿತು.

ಈ ಕಷ್ಟವನ್ನು ಕೇವಲ ಬಡತನದ ಕಷ್ಟವೆಂದು ಹೇಳಲಾಗದು. ಬೆಚ್ಚಗಿನ ಮನೆಯೂ ಬಿಸಿ ಊಟವೂ ಅಕ್ಕನ ಬಳಿ ಇದ್ದೇ ಇದ್ದವು. ಮೇರಿಗೆ ಬೇಕಾಗಿದ್ದುದು ಹೊತ್ತು. ಹಿಂದುಳಿದ ವಿದ್ಯಾರ್ಥಿನಿಗೆ ಎರಡೇ ವರ್ಷಗಳಲ್ಲಿ ಇತರರನ್ನು ಸರಿಗಟ್ಟಲು ಬೇರೆ ದಾರಿ ಕಾಣಲಿಲ್ಲ. ಆದರೂ ದೇಹವನ್ನು ಅಷ್ಟು ಅಲಕ್ಷಿಸಿದುದು ಸರಿಯೆಂದು ಯಾವ ವೈದ್ಯನೂ ಹೇಳಲಾರ.

1893ರ ಜುಲೈ ತಿಂಗಳಲ್ಲಿ ಭೌತಶಾಸ್ತ್ರದ ಪದವಿ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ಮೊದಲನೆಯ ಸ್ಥಾನ ಮೇರಿ ಸ್ಕ್ಲೊಡೊವ್‌ಸ್ಕಳದು.

ಅಷ್ಟರಲ್ಲಿ ಕೈಯಲ್ಲಿದ್ದ ಹಣ ಮುಗಿದಿತ್ತು. ಗಣಿತದ ಪದವಿಯನ್ನೂ ಪಡೆಯಬೇಕೆಂಬ ಹಂಬಲ ಉಳಿದೇ ಹೋಗುವಂತಿತ್ತು. ಪೋಲೆಂಡಿನ ಗೆಳತಿಯೊಬ್ಬಳ ಪ್ರಯತ್ನದಿಂದ ಪರದೇಶದಲ್ಲಿ ಓದುವವರಿಗಾಗಿ ಇದ್ದ 600 ರೂಬಲ್‌ಗಳ ವಿದ್ಯಾರ್ಥಿವೇತನ ದೊರೆಯಿತು. 1894ರಲ್ಲಿ ಗಣಿತದಲ್ಲಿ ಅವಳು ಎರಡನೆಯ ಸ್ಥಾನ ಪಡೆದು ತೇರ್ಗಡೆಯಾದಳು. ಕೆಲವು ವರ್ಷಗಳ ನಂತರ, ಉಕ್ಕಿನ ಕಾಂತಗುಣಗಳನ್ನು ಕುರಿತ ಸಂಶೋಧನೆಗಾಗಿ ಅವಳಿಗೆ ಸಂಭಾವನೆ ಬಂದಿತು. ಅದರಲ್ಲಿ 600 ರೂಬಲ್‌ಗಳಷ್ಟು ಹಣವನ್ನು ಮೇರಿ ವಿದ್ಯಾರ್ಥಿವೇತನದ ನಿಧಿಗೆ ಹಿಂದಿರುಗಿಸಿದಳು. ಅದು ಸಾಲವಾಗಿರಲಿಲ್ಲ, ಹಿಂದಿರುಗಿಸಬೇಕೆಂದು ಯಾರೂ ಕೇಳಿರಲಿಲ್ಲ. ಮತ್ತೊಬ್ಬ ಬಡ ವಿದ್ಯಾರ್ಥಿಗೆ ಆ ಹಣ ದೊರೆಯಲೆಂಬುದು ಅವಳ ಎಣಿಕೆ.

ಆ ಉಕ್ಕಿನ ಸಂಶೋಧನೆಗೆ ಸ್ಥಳ ಹುಡುಕುತ್ತಿದ್ದಾಗಲೇ, 1894ರಲ್ಲಿ, ಆಕೆಗೆ ಪಿಯರೆ ಕ್ಯೂರಿಯ ಪರಿಚಯವಾದುದು. ಕಾಂತತ್ವದಲ್ಲಿ ಆತ ಪರಿಣತ. ಆತ ವಿವಾಹದ ಮಾತೆತ್ತಿದಾಗ ಮೇರಿ ಒಪ್ಪಲಿಲ್ಲ. ಓದು ಮುಗಿಸಿ ವಾರ್ಸಾಕ್ಕೆ ಮರಳುವುದು, ತಂದೆಯೊಡನೆ ಇರುವುದು, ಪರಾಧೀನವಾದ ತನ್ನ ನಾಡಿನ ಮಕ್ಕಳಿಗೆ ಕಲಿಸುವುದು ಇದೇ ಅವಳು ಮೊದಲಿನಿಂದ ನಿಶ್ಚಯಿಸಿದ್ದ ಮಾರ್ಗ. ತಾನೇ ಪೋಲೆಂಡಿಗೆ ಬರಲೂ ಸಿದ್ಧನೆಂದು ಪಿಯರೆ ತಿಳಿಸಿದನು. ಆ ಬೇಸಗೆಯಲ್ಲಿ ಆಕೆ ಊರಿಗೆ ಹೋದಳು, ಹಿಂದಿರುಗಿದಳು, ತಿಂಗಳುಗಟ್ಟಲೆ ತೊಳಲಿದಳು. 1895ರ ಜುಲೈ 26ರಂದು ಅವರ ವಿವಾಹ ಸರಳವಾಗಿ ನಡೆಯಿತು. ಮೇರಿ ಫ್ರಾನ್ಸಿನಲ್ಲಿಯೇ ಉಳಿದಳು.

ಮುಂದಿನ ಕಥೆ ಲೋಕಕ್ಕೆ ತಿಳಿದದ್ದು. 1898ರಲ್ಲಿ ದಂಪತಿಗಳು ಎರಡು ಹೊಸ ಧಾತುಗಳನ್ನು ಕಂಡುಹಿಡಿದರು. ಮೊದಲನೆಯದಕ್ಕೆ ಪೊಲೋನಿಯಂ ಎಂಬ ಹೆಸರನ್ನಿಟ್ಟು, ಭೂಪಟದಲ್ಲಿ ಇಲ್ಲದ ತನ್ನ ನಾಡನ್ನು ಮೇರಿ ವಿಜ್ಞಾನದ ಪುಟದಲ್ಲಿ ಬರೆದಳು, ಎರಡನೆಯದು ರೇಡಿಯಂ. 1903ರಲ್ಲಿ ಭೌತಶಾಸ್ತ್ರದ, 1911ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಆಕೆಗೆ ಸಂದವು. 1906ರಲ್ಲಿ ಪಿಯರೆ ಬಂಡಿಯ ಅಪಘಾತದಲ್ಲಿ ಮಡಿದ ಮೇಲೆ, ಆತನ ಸ್ಥಾನದಲ್ಲಿ ನಿಂತು ಆಕೆ ಸಾರ್ಬಾನಿನಲ್ಲಿ ಪಾಠ ಹೇಳಿದಳು. ಅಲ್ಲಿ ಬೋಧಿಸಿದ ಮೊದಲ ಮಹಿಳೆ ಆಕೆಯೇ. ಗಂಡ ಯಾವ ವಿಷಯದಲ್ಲಿ ಪಾಠ ನಿಲ್ಲಿಸಿದ್ದನೋ ಅಲ್ಲಿಂದಲೇ, ಬೇರೊಂದು ಮಾತಾಡದೆ, ಆಕೆ ಆರಂಭಿಸಿದಳು.

ಮೊದಲ ಮಹಾಯುದ್ಧದ ತರುವಾಯ ಪೋಲೆಂಡ್ ಸ್ವತಂತ್ರವಾಯಿತು. ವಾರ್ಸಾದಲ್ಲಿ ಒಂದು ರೇಡಿಯಂ ಸಂಸ್ಥೆಯನ್ನು ಕಟ್ಟಬೇಕೆಂದು ಮೇರಿ ಬಯಸಿದಳು; ಅಲ್ಲಿ ಹಣ ಕೂಡಿಸುವ, ಕಟ್ಟಡ ಏಳಿಸುವ ಹೊಣೆಯನ್ನು ಬ್ರೊನ್ಯ ಹೊತ್ತಳು. ಅಮೆರಿಕದ ದಾನಿಗಳು ಕೊಟ್ಟ ಹಣದಿಂದ ಆ ಸಂಸ್ಥೆಗೆ ಒಂದು ಗ್ರಾಂ ರೇಡಿಯಂ ಬಂದಿತು. 1932ರ ಮೇ ತಿಂಗಳಲ್ಲಿ, ಸಾಯುವುದಕ್ಕೆ ಎರಡು ವರ್ಷ ಮೊದಲು, ಮೇರಿ ಅದರ ಪ್ರಾರಂಭೋತ್ಸವಕ್ಕಾಗಿ ವಾರ್ಸಾಕ್ಕೆ ಬಂದಳು. ಸಂಸ್ಥೆಯ ಮೊದಲ ನಿರ್ದೇಶಕಿಯಾಗಿ ಅಲ್ಲಿ ಅವಳ ಅಕ್ಕ ಇದ್ದಳು.