ಮೊದಲ ಸುತ್ತಿನ ಬಾಗಿಲು

ಮಕ್ಕಳೇ, ಶಾಲೆಗಳ ನಡುವೆ ನಡೆಯುವ ಕಬಡ್ಡಿ ಪಂದ್ಯಗಳನ್ನು ನೀವು ನೋಡಿರುತ್ತೀರಿ. ಸೋತ ತಂಡ ಅಂದೇ ಊರಿಗೆ ಹೊರಡುತ್ತದೆ. ಗೆದ್ದ ತಂಡ ಮುಂದಿನ ಸುತ್ತಿಗೆ ಹೋಗುತ್ತದೆ. ಸುತ್ತಿನಿಂದ ಸುತ್ತಿಗೆ ತಂಡಗಳು ಅರ್ಧದಷ್ಟು ಕಡಿಮೆಯಾಗುತ್ತಾ ಕೊನೆಗೆ ಎರಡೇ ಉಳಿಯುತ್ತವೆ.

ಟೆನಿಸ್ ಆಟದ ದೊಡ್ಡ ಪಂದ್ಯಾವಳಿಗಳೂ ಹೀಗೆಯೇ ನಡೆಯುತ್ತವೆ. ವಿಂಬಲ್ಡನ್ನಿನಲ್ಲಿ ಅಥವಾ ಅಮೆರಿಕದ ಪಂದ್ಯಾವಳಿಯಲ್ಲಿ ಈಗ ಮಹಿಳೆಯರ ಮೊದಲ ಸುತ್ತಿಗೆ 128 ಆಟಗಾರ್ತಿಯರು ಇಳಿಯುತ್ತಾರೆ. ಆ ಸುತ್ತು ಮುಗಿದಾಗ 64 ಮಂದಿ ಉಳಿಯುತ್ತಾರೆ. ಎರಡನೆಯ ಸುತ್ತು ಮುಗಿದಾಗ 32. ಹೀಗೆ ಏಳು ಪಂದ್ಯಗಳನ್ನು ಗೆದ್ದವಳಿಗೆ ಪ್ರಶಸ್ತಿ. ಪತ್ರಿಕೆಗಳಲ್ಲಿ ದೊಡ್ಡದಾಗಿ ಬರುವುದು ಕೊನೆಯ ಪಂದ್ಯದ ಚಿತ್ರ. ಮೊದಲ ಸುತ್ತಿನ ಫಲಿತಾಂಶ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಅದನ್ನು ಯಾರೂ ಅಷ್ಟಾಗಿ ಓದುವುದಿಲ್ಲ.

ಆದರೆ ಒಬ್ಬ ಆಟಗಾರ್ತಿಗೆ ಆ ಮೊದಲ ಸುತ್ತಿಗೆ ಕಾಲಿಡುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ಅವಳ ಹೆಸರು ಅಲ್ಥಿಯಾ ಗಿಬ್ಸನ್.

ಅಲ್ಥಿಯಾ ಹುಟ್ಟಿದ್ದು 1927ರ ಆಗಸ್ಟ್ 25ರಂದು, ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಸಿಲ್ವರ್ ಎಂಬ ಸಣ್ಣ ಊರಿನಲ್ಲಿ. ಅವಳ ತಂದೆತಾಯಿ ಪರರ ಹೊಲದಲ್ಲಿ ಪಾಲಿಗೆ ಹತ್ತಿ ಬೆಳೆಯುತ್ತಿದ್ದರು. ಬೆಳೆ ಕೈಕೊಟ್ಟರೆ ಮನೆಯಲ್ಲಿ ಒಲೆ ಉರಿಯುವುದೂ ಕಷ್ಟ. ಅವರು ಕಪ್ಪು ಜನರು. ಕೆಲವು ತಲೆಮಾರುಗಳ ಹಿಂದೆ ಅಂಥವರ ಹಿರಿಯರನ್ನು ಆಫ್ರಿಕಾದಿಂದ ಹಡಗುಗಳಲ್ಲಿ ತಂದು ಗುಲಾಮರನ್ನಾಗಿ ಮಾರಿದ್ದರು. ಗುಲಾಮಗಿರಿ 1865ರಲ್ಲಿ ಕೊನೆಗೊಂಡಿತ್ತು. ಆದರೂ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಸ್ಸಿನಲ್ಲಿ ಹಿಂದಿನ ಸೀಟು, ಕುಡಿಯಲು ಬೇರೆ ನಲ್ಲಿ. ಕಾನೂನೇ ಹಾಗೆ ಹೇಳುತ್ತಿತ್ತು.

ಬಡತನ ತಾಳಲಾರದೆ ಆ ಕುಟುಂಬ 1930ರಲ್ಲಿ ಊರು ಬಿಟ್ಟು ನ್ಯೂಯಾರ್ಕ್ ನಗರದ ಹಾರ್ಲೆಮ್ ಎಂಬ ಬಡಾವಣೆಗೆ ಬಂದಿತು. ಅಲ್ಲಿ ಮನೆಗಳು ಇಕ್ಕಟ್ಟು. ಮಕ್ಕಳಿಗೆ ಆಡಲು ಬಯಲಿಲ್ಲ. ಅದಕ್ಕಾಗಿ ಕೆಲವು ಬೀದಿಗಳಲ್ಲಿ ಹಗಲು ಹೊತ್ತು ವಾಹನಗಳನ್ನು ತಡೆದು, ಬೀದಿಯನ್ನೇ ಆಟದ ಬಯಲು ಮಾಡುತ್ತಿದ್ದರು. ಅಲ್ಥಿಯಾಳ ಮನೆ ಇದ್ದ 143ನೆಯ ಬೀದಿ ಅಂಥದ್ದು. ಅಂಗಳ ಹುಡುಕಿಕೊಂಡು ಅವಳು ಹೋಗಬೇಕಾಗಲಿಲ್ಲ. ಅಂಗಳವೇ ಅವಳ ಬಾಗಿಲಿಗೆ ಬಂದಿತ್ತು.

ಅಲ್ಲಿ ಮಕ್ಕಳು ಪ್ಯಾಡಲ್ ಟೆನಿಸ್ ಎಂಬ ಆಟ ಆಡುತ್ತಿದ್ದರು. ಇದು ಟೆನಿಸ್ಸಿನ ತಮ್ಮನಂತೆ. ಅಂಕಣ ಚಿಕ್ಕದು, ತಂತಿಯ ರಾಕೆಟ್ಟಿನ ಬದಲು ಮರದ ಹಲಗೆ. ಅಲ್ಥಿಯಾ ಬೆಳಗ್ಗೆಯಿಂದ ಸಂಜೆಯವರೆಗೆ ಅದನ್ನೇ ಆಡಿದಳು. 1939ರಲ್ಲಿ, ಅವಳಿಗೆ 12 ವರ್ಷವಾಗಿದ್ದಾಗ, ನ್ಯೂಯಾರ್ಕ್ ನಗರದ ಮಹಿಳೆಯರ ಪ್ಯಾಡಲ್ ಟೆನಿಸ್ ಪ್ರಶಸ್ತಿ ಅವಳ ಪಾಲಾಯಿತು.

ಬಡ್ಡಿ ವಾಕರ್ ಎಂಬ ಸಂಗೀತಗಾರರು ಅವಳ ಕೈಚಳಕವನ್ನು ಗಮನಿಸಿದರು. ಹಳೆಯ ಟೆನಿಸ್ ರಾಕೆಟ್ ತಂದುಕೊಟ್ಟರು. ನೆರೆಹೊರೆಯವರು ತಮ್ಮತಮ್ಮಲ್ಲೇ ಚಂದಾ ಎತ್ತಿ, 1940ರಲ್ಲಿ ಅವಳನ್ನು ಕಪ್ಪು ಜನರ ಒಂದು ಟೆನಿಸ್ ಕ್ಲಬ್ಬಿಗೆ ಸೇರಿಸಿದರು. ಅಲ್ಲಿ ಅವಳಿಗೆ ಕಲಿಸಿದವರು ಫ್ರೆಡ್ ಜಾನ್ಸನ್. ಅವರಿಗೆ ಒಂದೇ ಕೈ. ಆ ಒಂದು ಕೈಯಲ್ಲೇ ಚೆಂಡನ್ನೂ ಹಾರಿಸಿ, ರಾಕೆಟ್ಟನ್ನೂ ಬೀಸಿ ತೋರಿಸುವ ಗುರು ಅವರು!

ಅಲ್ಥಿಯಾ ಜಾಣ ವಿದ್ಯಾರ್ಥಿನಿಯಾಗಿದ್ದಳು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಅವಳು ಶಾಲೆ ತಪ್ಪಿಸಿ ಸಿನಿಮಾಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ಏಟು ತಿನ್ನುತ್ತಿದ್ದಳು. ಕೊನೆಗೆ ಓದನ್ನು ಅರ್ಧಕ್ಕೇ ಬಿಟ್ಟಳು. ಟೆನಿಸ್ ಮಾತ್ರ ಬಿಡಲಿಲ್ಲ.

ಆಗ ಕಪ್ಪು ಆಟಗಾರರು ತಮ್ಮದೇ ಸಂಘ ಕಟ್ಟಿಕೊಂಡು ತಮ್ಮದೇ ಪಂದ್ಯಾವಳಿ ನಡೆಸುತ್ತಿದ್ದರು. ಬಿಳಿಯರ ಪಂದ್ಯಾವಳಿಗೆ ಅವರಿಗೆ ಪ್ರವೇಶ ಸಿಗುತ್ತಿರಲಿಲ್ಲ. 1946ರಲ್ಲಿ ಆ ಸಂಘದ ಪಂದ್ಯಾವಳಿಯ ಕೊನೆಯ ಪಂದ್ಯದಲ್ಲಿ ಅಲ್ಥಿಯಾ ಸೋತಳು. ನೋಡುತ್ತಿದ್ದವರಲ್ಲಿ ಇಬ್ಬರು ವೈದ್ಯರಿದ್ದರು, ಹ್ಯೂಬರ್ಟ್ ಈಟನ್ ಮತ್ತು ವಾಲ್ಟರ್ ಜಾನ್ಸನ್. ಸೋತವಳಲ್ಲೇ ಅವರಿಗೆ ಮುಂದಿನ ಚಾಂಪಿಯನ್ ಕಂಡಳು. ಇಬ್ಬರೂ ತಮ್ಮತಮ್ಮ ಮನೆಯ ಹಿತ್ತಲಲ್ಲಿ ಟೆನಿಸ್ ಅಂಕಣ ಮಾಡಿಸಿಕೊಂಡಿದ್ದರು. ಅವಳ ಊಟ, ವಸತಿ, ಓದು, ಆಟ ಎಲ್ಲವನ್ನೂ ವಹಿಸಿಕೊಂಡರು. ಆದರೆ ಒಂದು ಷರತ್ತು: ಶಾಲೆಗೆ ಹೋಗಲೇಬೇಕು.

19 ವರ್ಷದ, ಸುಮಾರು ಆರು ಅಡಿ ಎತ್ತರದ ಹುಡುಗಿ ತನಗಿಂತ ಎಷ್ಟೋ ಚಿಕ್ಕವರ ಜೊತೆ ಬೆಂಚಿನ ಮೇಲೆ ಕುಳಿತಳು. ನಾಚಿಕೆಯಾಗದೆ ಇದ್ದೀತೇ? ಆದರೂ ಕುಳಿತು ಓದಿದಳು. 1949ರಲ್ಲಿ ಪ್ರೌಢಶಾಲೆ ಮುಗಿಸಿ, ವಿದ್ಯಾರ್ಥಿವೇತನ ಪಡೆದು ಫ್ಲಾರಿಡಾದ ಕಾಲೇಜಿಗೆ ಸೇರಿದಳು. ಈ ನಡುವೆ 1947ರಿಂದ ತಮ್ಮವರ ಪಂದ್ಯಾವಳಿಯನ್ನು ಪ್ರತಿ ವರ್ಷವೂ ಗೆಲ್ಲುತ್ತಾ ಹೋದಳು. ಒಟ್ಟು ಹತ್ತು ವರ್ಷ ಅದನ್ನು ಅವಳಿಂದ ಯಾರೂ ಕಿತ್ತುಕೊಳ್ಳಲಾಗಲಿಲ್ಲ.

ಇಷ್ಟು ಗೆದ್ದವಳು ಅಮೆರಿಕದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಏಕೆ ಆಡಲಿಲ್ಲ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕಪ್ಪು ಜನರು ಬರಬಾರದು ಎಂಬ ನಿಯಮ ಪುಸ್ತಕದಲ್ಲಿ ಬರೆದಿರಲಿಲ್ಲ. ಬೀಗ ಬೇರೆ ಕಡೆ ಇತ್ತು. ರಾಷ್ಟ್ರೀಯ ಪಂದ್ಯಾವಳಿಗೆ ಬರಬೇಕಾದರೆ ಮೊದಲು ಹುಲ್ಲಿನ ಅಂಕಣದ ಸಣ್ಣ ಪಂದ್ಯಾವಳಿಗಳಲ್ಲಿ ಆಡಿ ಹೆಸರು ಗಳಿಸಬೇಕು. ಅವು ನಡೆಯುತ್ತಿದ್ದುದು ಬಿಳಿಯರ ಖಾಸಗಿ ಕ್ಲಬ್ಬುಗಳಲ್ಲಿ. ಆ ಕ್ಲಬ್ಬುಗಳು ಅವಳನ್ನು ಕರೆಯುವುದಿಲ್ಲ. ಕರೆಯದಿದ್ದರೆ ಆಡುವಂತಿಲ್ಲ. ಆಡದಿದ್ದರೆ ಹೆಸರಿಲ್ಲ. ಹೆಸರಿಲ್ಲದವಳಿಗೆ ಮೊದಲ ಸುತ್ತಿನಲ್ಲಿ ಜಾಗವಿಲ್ಲ. ಮಾತಿನಲ್ಲಿ ಯಾರೂ ಬೇಡ ಎನ್ನಲಿಲ್ಲ, ಬಾಗಿಲು ಮಾತ್ರ ಮುಚ್ಚಿಯೇ ಇತ್ತು.

ಆ ಬಾಗಿಲನ್ನು ಒಳಗಿನಿಂದ ತಟ್ಟಿದವರು ಆಲಿಸ್ ಮಾರ್ಬಲ್. ಆಕೆ ಬಿಳಿಯ ಮಹಿಳೆ. ಅಮೆರಿಕದ ಪ್ರಶಸ್ತಿಯನ್ನು ನಾಲ್ಕು ಬಾರಿಯೂ ವಿಂಬಲ್ಡನ್ನನ್ನು ಒಂದು ಬಾರಿಯೂ ಗೆದ್ದಿದ್ದವರು. 1950ರ ಜುಲೈ ತಿಂಗಳಲ್ಲಿ ಅವರು ಒಂದು ಟೆನಿಸ್ ಪತ್ರಿಕೆಯಲ್ಲಿ ಲೇಖನ ಬರೆದರು. ಟೆನಿಸ್ ಆಡುವವರು ಸಭ್ಯರೆಂದು ಹೇಳಿಕೊಳ್ಳುವುದಾದರೆ ಸಭ್ಯರಂತೆ ನಡೆದುಕೊಳ್ಳಬೇಕು, ಈ ಹುಡುಗಿ ಸೋಲುವುದಾದರೆ ಅಂಕಣದಲ್ಲಿ ಸೋಲಲಿ, ಕೋಣೆಯಲ್ಲಿ ಕುಳಿತವರ ತೀರ್ಮಾನದಿಂದ ಸೋಲುವುದು ಬೇಡ ಎಂಬುದು ಅದರ ಸಾರಾಂಶ. ಓದಿದವರು ತಲೆ ತಗ್ಗಿಸಬೇಕಾಯಿತು. ನ್ಯೂಜೆರ್ಸಿಯ ಒಂದು ಕ್ಲಬ್ ತನ್ನ ಹುಲ್ಲಿನ ಅಂಕಣದಲ್ಲಿ ಆಡಲು ಅಲ್ಥಿಯಾಳಿಗೆ ಅವಕಾಶ ನೀಡಿತು. ಆಮೇಲೆ ರಾಷ್ಟ್ರೀಯ ಪಂದ್ಯಾವಳಿಯ ಪಟ್ಟಿಯಲ್ಲಿ ಅವಳ ಹೆಸರು ಬಂದಿತು. ಆ ಪಂದ್ಯಾವಳಿಯಲ್ಲಿ ಆಡಿದ ಮೊದಲ ಕಪ್ಪು ಆಟಗಾರ್ತಿ ಅವಳೇ. ಅವಳಿಗೆ ಆಗ ತಾನೇ 23 ತುಂಬಿತ್ತು.

ಪಂದ್ಯ ನಡೆದದ್ದು ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್ ಎಂಬಲ್ಲಿ. ಮೊದಲ ಸುತ್ತಿನಲ್ಲಿ ಅವಳ ಎದುರಾಳಿ ಇಂಗ್ಲೆಂಡಿನ ಬಾರ್ಬರಾ ನ್ಯಾಪ್. ಅಲ್ಥಿಯಾ 6-2, 6-2ರಿಂದ ಗೆದ್ದಳು. ವರ್ಷಗಟ್ಟಲೆ ಮುಚ್ಚಿದ್ದ ಬಾಗಿಲು! ಒಳಗೆ ಬಂದ ಮೇಲೆ ಎರಡೇ ಸೆಟ್ಟುಗಳಲ್ಲಿ ಮೊದಲ ಸುತ್ತು ಮುಗಿದುಹೋಯಿತು.

ಎರಡನೆಯ ಸುತ್ತಿನ ಕತೆ ಬೇರೆ. ಎದುರಿಗಿದ್ದವರು ಲೂಯಿಸ್ ಬ್ರೋ. ಆ ವರ್ಷ ಸೇರಿ ಸತತ ಮೂರು ವರ್ಷ ವಿಂಬಲ್ಡನ್ ಗೆದ್ದಿದ್ದವರು. ಇಲ್ಲಿ ನೀವು ಆಟದ ಲೆಕ್ಕ ಸ್ವಲ್ಪ ತಿಳಿಯಬೇಕು. ಮೂರು ಸೆಟ್ಟುಗಳಲ್ಲಿ ಎರಡನ್ನು ಗೆದ್ದವರು ಪಂದ್ಯ ಗೆದ್ದಂತೆ. ಒಂದು ಸೆಟ್ ಗೆಲ್ಲಲು ಕನಿಷ್ಠ ಆರು ಗೇಮ್ ಬೇಕು, ಎದುರಾಳಿಗಿಂತ ಎರಡು ಗೇಮ್ ಮುಂದಿರಲೂಬೇಕು. ಈಗ 6-6 ಆದಾಗ ಟೈಬ್ರೇಕ್ ಆಡಿ ಸೆಟ್ ಮುಗಿಸುತ್ತಾರೆ. ಅಂದು ಆ ಪದ್ಧತಿ ಇರಲಿಲ್ಲ. ಎರಡು ಗೇಮ್ ಅಂತರ ಸಿಗುವವರೆಗೆ ಆಡುತ್ತಲೇ ಇರಬೇಕು.

ಮೊದಲ ಸೆಟ್ಟಿನಲ್ಲಿ ಅಲ್ಥಿಯಾಳ ಕೈಕಾಲು ಆಡಲಿಲ್ಲ. 6-1ರಿಂದ ಸೋತಳು. ನೋಡುವವರಲ್ಲಿ ಕೆಲವರು ಅವಳ ಬಣ್ಣವನ್ನು ಹಳಿದು ಕೂಗುತ್ತಿದ್ದರು. ಆದರೆ ಎರಡನೆಯ ಸೆಟ್ಟಿನಲ್ಲಿ ಅವಳ ಬಿರುಸಿನ ಹೊಡೆತಗಳು ಗೆರೆಯೊಳಗೆ ಬೀಳತೊಡಗಿದವು. 6-3ರಿಂದ ಆ ಸೆಟ್ ಅವಳದಾಯಿತು. ಮೂರನೆಯ ಸೆಟ್ ಎಳೆದಾಡಿ 6-6 ಆಯಿತು. ಮುಂದಿನ ಗೇಮನ್ನು ಅಲ್ಥಿಯಾ ಗೆದ್ದಳು. 7-6! ಇನ್ನೊಂದೇ ಒಂದು ಗೇಮ್ ಗೆದ್ದರೆ ವಿಂಬಲ್ಡನ್ ಚಾಂಪಿಯನ್ ಹೊರಗೆ.

ಅಷ್ಟರಲ್ಲಿ ಆಕಾಶ ಕಪ್ಪಾಯಿತು. ಗುಡುಗು, ಮಿಂಚು, ಸುರಿಮಳೆ. ಜನ ದಿಕ್ಕಾಪಾಲಾಗಿ ಓಡಿದರು. ಕ್ರೀಡಾಂಗಣದ ತುದಿಯಲ್ಲಿ ಕಲ್ಲಿನ ಹದ್ದುಗಳ ಮೂರ್ತಿಗಳಿದ್ದವು. ಸಿಡಿಲು ಬಡಿದು ಅವುಗಳಲ್ಲಿ ಒಂದು ಕೆಳಗುರುಳಿತು. ಆಟ ಅಲ್ಲಿಗೇ ನಿಂತಿತು.

ಆ ರಾತ್ರಿಯನ್ನು ಅವಳು ಹೇಗೆ ಕಳೆದಿರಬಹುದು, ಯೋಚಿಸಿ. ಪರೀಕ್ಷೆಯ ಕೊನೆಯ ಉತ್ತರ ಬರೆಯುವಾಗ ಯಾರೋ ಕಾಗದ ಕಿತ್ತುಕೊಂಡು ನಾಳೆ ಬಾ ಎಂದಂತೆ. ಎದುರಾಳಿಗೆ ದಣಿವಾರಿಸಿಕೊಳ್ಳಲು ಒಂದು ರಾತ್ರಿ ಸಿಕ್ಕಿತು. ಅಲ್ಥಿಯಾಳಿಗೆ ಸಿಕ್ಕಿದ್ದು ಕಾಯುವ ಕೆಲಸ. ಮರುದಿನ ಪಂದ್ಯ ಮುಂದುವರಿದಾಗ ಪತ್ರಿಕೆಯವರು, ಛಾಯಾಗ್ರಾಹಕರು ಅವಳನ್ನು ಮುತ್ತಿಕೊಂಡಿದ್ದರು. ಬ್ರೋ ಒಂದರ ಹಿಂದೆ ಒಂದರಂತೆ ಮೂರು ಗೇಮ್ ಗೆದ್ದರು. 9-7. ಸುಮಾರು ಹನ್ನೊಂದು ನಿಮಿಷಗಳಲ್ಲಿ ಎಲ್ಲ ಮುಗಿಯಿತು.

ಎರಡನೆಯ ಸುತ್ತಿನಲ್ಲಿ ಸೋತವರು ಹಲವರು. ಅವರ ಹೆಸರು ಹೆಚ್ಚಿನವರಿಗೆ ಈಗ ನೆನಪಿಲ್ಲ. ಈ ಸೋಲು ಮಾತ್ರ ಎಲ್ಲರಿಗೂ ನೆನಪಿದೆ. ಅವಳು ಆಟದಲ್ಲಿ ಕಡಿಮೆಯವಳು ಎಂದು ಇನ್ನು ಯಾರೂ ಹೇಳುವಂತಿರಲಿಲ್ಲ.

ಮರುವರ್ಷ, 1951ರಲ್ಲಿ ಅವಳು ವಿಂಬಲ್ಡನ್ನಿನಲ್ಲೂ ಆಡಿದಳು. ಅಲ್ಲಿ ಮೂರನೆಯ ಸುತ್ತಿನಲ್ಲಿ ಸೋತಳು. ಮುಂದಿನ ನಾಲ್ಕು ವರ್ಷ ಹೇಳಿಕೊಳ್ಳುವಂಥ ಗೆಲುವಿಲ್ಲ. ಕಾಲೇಜು ಮುಗಿಸಿ ವ್ಯಾಯಾಮ ಶಿಕ್ಷಕಿಯಾದಳು. ಟೆನಿಸ್ ಬಿಟ್ಟು ಸೈನ್ಯದ ಮಹಿಳಾ ದಳ ಸೇರುವ ಯೋಚನೆಯನ್ನೂ ಮಾಡಿದಳು.

1955ರಲ್ಲಿ ಅಮೆರಿಕ ಸರ್ಕಾರ ನಾಲ್ವರು ಆಟಗಾರರನ್ನು ಏಷ್ಯಾದ ದೇಶಗಳಿಗೆ ಕಳುಹಿಸಿತು. ಅವರಲ್ಲಿ ಅಲ್ಥಿಯಾ ಒಬ್ಬಳು. ನಮ್ಮ ಭಾರತಕ್ಕೂ ಬಂದಿದ್ದಳು. ಇಂಗ್ಲೆಂಡಿನ ಆಟಗಾರ್ತಿ ಆಂಜೆಲಾ ಬಕ್ಸ್‌ಟನ್ ಜೊತೆ ಅವಳ ಸ್ನೇಹ ಬೆಳೆದದ್ದು ಇಲ್ಲೇ. ಆಂಜೆಲಾ ಯಹೂದಿ. ಅದೇ ಕಾರಣಕ್ಕೆ ಇಂಗ್ಲೆಂಡಿನಲ್ಲಿ ಅವಳಿಗೂ ಕ್ಲಬ್ಬಿನ ಬಾಗಿಲು ಮುಚ್ಚಿತ್ತು. ಹೊರಗೆ ನಿಂತ ಇಬ್ಬರೂ ಜೋಡಿಯಾದರು. 1956ರಲ್ಲಿ ಫ್ರಾನ್ಸಿನ ಪಂದ್ಯಾವಳಿಯಲ್ಲಿಯೂ ವಿಂಬಲ್ಡನ್ನಿನಲ್ಲಿಯೂ ಡಬಲ್ಸ್ ಪ್ರಶಸ್ತಿ ಗೆದ್ದರು. ಅದೇ ವರ್ಷ ಫ್ರಾನ್ಸಿನ ಸಿಂಗಲ್ಸ್ ಪ್ರಶಸ್ತಿಯೂ ಅಲ್ಥಿಯಾಳದಾಯಿತು. ಟೆನಿಸ್ಸಿನ ನಾಲ್ಕು ಮಹಾ ಪಂದ್ಯಾವಳಿಗಳಲ್ಲಿ ಒಂದನ್ನು ಕಪ್ಪು ಜನಾಂಗದವರು ಗೆದ್ದದ್ದು ಅದೇ ಮೊದಲು.

1957ರ ಜುಲೈಯಲ್ಲಿ ಅವಳು ವಿಂಬಲ್ಡನ್ ಗೆದ್ದಳು. ಎರಡನೆಯ ಎಲಿಜಬೆತ್ ರಾಣಿ ತಮ್ಮ ಕೈಯಾರೆ ಪ್ರಶಸ್ತಿ ಕೊಟ್ಟರು. ಊರಿಗೆ ಮರಳಿದಾಗ ನ್ಯೂಯಾರ್ಕಿನ ಜನ ರಸ್ತೆಯ ಇಕ್ಕೆಲಗಳಲ್ಲಿ ನಿಂತರು. ಕಟ್ಟಡಗಳ ಕಿಟಕಿಗಳಿಂದ ಕಾಗದದ ಚೂರುಗಳನ್ನು ಹೂಮಳೆಯಂತೆ ಸುರಿಸಿದರು. ಎರಡು ತಿಂಗಳ ನಂತರ ಫಾರೆಸ್ಟ್ ಹಿಲ್ಸ್‌ನಲ್ಲಿ ರಾಷ್ಟ್ರೀಯ ಪಂದ್ಯಾವಳಿ. ಅವಳು ಒಂದೊಂದೇ ಸುತ್ತು ದಾಟಿ ಕೊನೆಯ ಪಂದ್ಯಕ್ಕೆ ಬಂದಳು. ಬಲೆಯ ಆಚೆ ಯಾರಿದ್ದರು ಗೊತ್ತೇ? ಅದೇ ಲೂಯಿಸ್ ಬ್ರೋ! ಈ ಸಲ ಮಳೆ ಬರಲಿಲ್ಲ. 6-3, 6-2. ಮರುವರ್ಷವೂ ಎರಡೂ ಪ್ರಶಸ್ತಿಗಳನ್ನು ಅವಳೇ ಉಳಿಸಿಕೊಂಡಳು.

ಇಷ್ಟಾದರೂ ಅವಳ ಕೈಯಲ್ಲಿ ಕಾಸಿರಲಿಲ್ಲ. ಈಗಿನ ಆಟಗಾರ್ತಿಯರಿಗೆ ಮೊದಲ ಸುತ್ತಿನಲ್ಲಿ ಸೋತರೂ ದೊಡ್ಡ ಮೊತ್ತ ಸಿಗುತ್ತದೆ. ಆ ಕಾಲದಲ್ಲಿ ಗೆದ್ದವರಿಗೂ ಬಹುಮಾನದ ಹಣವಿರಲಿಲ್ಲ. ಹೊಟ್ಟೆಪಾಡಿಗಾಗಿ ಅವಳು ಹಾಡಿದಳು, ಸಿನಿಮಾದಲ್ಲಿ ನಟಿಸಿದಳು, ಪ್ರದರ್ಶನ ಪಂದ್ಯಗಳನ್ನು ಆಡಿದಳು. 1964ರಲ್ಲಿ ಮಹಿಳೆಯರ ವೃತ್ತಿಪರ ಗಾಲ್ಫ್ ಸೇರಿದಳು. ಅಲ್ಲಿಯೂ ಅವಳೇ ಮೊದಲ ಕಪ್ಪು ಮಹಿಳೆ. ಕೆಲವು ಕ್ಲಬ್ಬುಗಳು ಆಡಲು ಬಿಟ್ಟರೂ ಒಳಕೋಣೆಗೆ ಬಿಡುತ್ತಿರಲಿಲ್ಲ. ವಿಂಬಲ್ಡನ್ ಗೆದ್ದವಳು ಕಾರಿನೊಳಗೆ ಕುಳಿತು ಬಟ್ಟೆ ಬದಲಿಸಬೇಕಾಗಿತ್ತು.

ಮುಪ್ಪಿನಲ್ಲಿ ರೋಗ, ಬಡತನ ಎರಡೂ ಕಾಡಿದವು. ಔಷಧಿಗೂ ಬಾಡಿಗೆಗೂ ಹಣವಿಲ್ಲದಾಗ ಅವಳು ಗೆಳತಿ ಆಂಜೆಲಾಳಿಗೆ ಫೋನ್ ಮಾಡಿದಳು. ಆಂಜೆಲಾ ತಾನೂ ನೆರವಾದಳು, ಟೆನಿಸ್ ಪತ್ರಿಕೆಯೊಂದರ ಮೂಲಕ ವಿಷಯವನ್ನು ಎಲ್ಲರಿಗೂ ತಿಳಿಸಿದಳು. ಹಲವು ದೇಶಗಳಿಂದ ಹಣ ಬಂದಿತು. ಅಲ್ಥಿಯಾ 2003ರ ಸೆಪ್ಟೆಂಬರ್ 28ರಂದು, ತನ್ನ 76ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಅಮೆರಿಕದ ಪಂದ್ಯಾವಳಿ 1978ರಿಂದ ನ್ಯೂಯಾರ್ಕಿನಲ್ಲೇ ಇರುವ ಫ್ಲಶಿಂಗ್ ಮೆಡೋಸ್‌ನಲ್ಲಿ ನಡೆಯುತ್ತಿದೆ. 2019ರ ಆಗಸ್ಟ್ ತಿಂಗಳಲ್ಲಿ, ಮೊದಲ ಸುತ್ತಿನ ಪಂದ್ಯಗಳು ಆರಂಭವಾಗುವ ದಿನವೇ, ಅಲ್ಲಿ ಅಲ್ಥಿಯಾಳ ಕಲ್ಲಿನ ಮೂರ್ತಿಯನ್ನು ಅನಾವರಣ ಮಾಡಿದರು. 85 ವರ್ಷದ ಆಂಜೆಲಾ ಅದನ್ನು ನೋಡಲು ಬಂದಿದ್ದಳು.