ಮನಸ್ಸಿನ ವೈದ್ಯರನ್ನು ಕಾಡಿದ ಮೂಗು: ಸಿಗ್ಮಂಡ್ ಫ್ರಾಯ್ಡ್ ಬದುಕಿನ ಇನ್ನೊಂದು ಕಥೆ

ಸಿಗ್ಮಂಡ್ ಫ್ರಾಯ್ಡ್ ಎಂದ ಕೂಡಲೇ ನಿಮಗೆ ನೆನಪಾಗುವುದು ಕನಸು, ಸುಪ್ತ ಮನಸ್ಸು, ರೋಗಿ ಮಲಗಿಕೊಂಡು ಮಾತಾಡುವ ಆ ಸೋಫಾ. ಮೂಗು ನೆನಪಾಗುವುದಿಲ್ಲ. ಆದರೆ ಮೂವತ್ತು ದಾಟಿದ ಮೇಲೆ ಸಾಯುವ ತನಕ ಅವರನ್ನು ಮೂಗಿನ ಪಾಡು ಬಿಡಲಿಲ್ಲ. ಮೊದಲು ಕಟ್ಟಿಕೊಂಡ ಮೂಗು, ಆಮೇಲೆ ಆಪರೇಷನ್, ಕೊನೆಗೆ ವಾಸನೆ.

ನಿಮಗೋ ಮನೆಯಲ್ಲಿ ಬೇರೆ ಯಾರಿಗೋ ಮೂಗಿನ ಆಪರೇಷನ್ ಮಾಡಿಸಿ ಎಂದು ವೈದ್ಯರು ಹೇಳಿದ್ದರೆ ಈ ಕಥೆಯನ್ನು ಓದಿ. ಹೆದರಿಸಲು ಹೇಳುತ್ತಿಲ್ಲ, ಇಂದಿನ ಆಪರೇಷನ್ ಅಂದಿನದಲ್ಲ. ಆದರೆ ಅಂದು ಯಾರೂ ಕೇಳದೆ ಬಿಟ್ಟ ಒಂದು ಪ್ರಶ್ನೆಯನ್ನು ನೀವು ಇಂದೂ ಕೇಳಬೇಕಾಗುತ್ತದೆ. ಈ ತೊಂದರೆಗೆ ನಿಜವಾಗಿ ಮೂಗೇ ಕಾರಣವೇ?

ಫ್ರಾಯ್ಡ್ ಹುಟ್ಟಿದ್ದು 1856ರ ಮೇ 6ರಂದು, ಇಂದು ಜೆಕ್ ಗಣರಾಜ್ಯದಲ್ಲಿರುವ ಪ್ರಿಬೋರ್ ಎಂಬ ಸಣ್ಣ ಊರಿನಲ್ಲಿ. ಬೆಳೆದದ್ದು, ಓದಿದ್ದು, ವೈದ್ಯರಾದದ್ದು ವಿಯೆನ್ನಾದಲ್ಲಿ. 1884ರಲ್ಲಿ ಅವರು ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿದ್ದ ಯುವ ವೈದ್ಯ. ಮದುವೆ ನಿಶ್ಚಯವಾಗಿತ್ತು, ಮದುವೆಯಾಗಲು ಕೈಯಲ್ಲಿ ಹಣವಿರಲಿಲ್ಲ. ಏನಾದರೂ ಹೊಸದನ್ನು ಕಂಡುಹಿಡಿದು ಹೆಸರು ಮಾಡಬೇಕು ಎಂಬ ಆತುರವಿತ್ತು. ಆಗ ಕೈಗೆ ಸಿಕ್ಕಿದ್ದು ಕೊಕೇನ್. ಅದು ಅಂದು ನಿಷೇಧಿತ ವಸ್ತುವಲ್ಲ, ಹೊಸ ಔಷಧಿ. ಫ್ರಾಯ್ಡ್ ತಾವೇ ಸೇವಿಸಿ ನೋಡಿ, ಅದನ್ನು ಹೊಗಳಿ ಲೇಖನ ಬರೆದರು. ಮಾರ್ಫಿನ್ ಚಟ ಬಿಡಿಸಲು ಗೆಳೆಯನೊಬ್ಬನಿಗೂ ಕೊಟ್ಟರು. ಆತ ಒಂದರ ಬದಲು ಎರಡು ಚಟಕ್ಕೆ ಬಿದ್ದ. ಅದೇ ವರ್ಷ ಅವರ ಸಹೋದ್ಯೋಗಿ ಕಾರ್ಲ್ ಕೊಲ್ಲರ್, ಕೊಕೇನ್ ಹನಿ ಹಾಕಿದರೆ ಕಣ್ಣು ಮರಗಟ್ಟುತ್ತದೆ ಎಂಬುದನ್ನು ಕಂಡುಹಿಡಿದು ಹೆಸರಾದರು. ಜಾಗಕ್ಕೆ ಮಾತ್ರ ಅರಿವಳಿಕೆ ಕೊಡುವ ಪದ್ಧತಿ ಶುರುವಾದದ್ದು ಅಲ್ಲಿಂದ. ಮೂಗು, ಗಂಟಲಿನ ವೈದ್ಯರಿಗೆ ಅದು ವರವಾಯಿತು. ರೋಗಿ ಎಚ್ಚರವಾಗಿ ಕುಳಿತಿರುವಾಗಲೇ ಮೂಗಿನೊಳಗೆ ಕೊಯ್ಯಬಹುದಿತ್ತು. ಕೊಯ್ಯುವುದು ಸುಲಭವಾದಾಗ ಕೊಯ್ಯುವವರು ಹೆಚ್ಚುತ್ತಾರೆ. ಹಾಗೇ ಆಯಿತು.

ಫ್ರಾಯ್ಡ್ ಅವರ ಮೂಗು ಪದೇಪದೇ ಕಟ್ಟಿಕೊಳ್ಳುತ್ತಿತ್ತು. ಸೈನಸ್‌ನಲ್ಲಿ ಕೀವು ತುಂಬುತ್ತಿತ್ತು, ಅರೆತಲೆನೋವು ಬರುತ್ತಿತ್ತು. ಜೊತೆಗೆ ದಿನಕ್ಕೆ ಇಪ್ಪತ್ತರಷ್ಟು ಚುಟ್ಟಾ. ಮೂಗು ಬಿಡಿಸಲು ಅವರು ಹಚ್ಚಿಕೊಳ್ಳುತ್ತಿದ್ದುದು ಅದೇ ಕೊಕೇನ್. ಹಚ್ಚಿದ ತಕ್ಷಣ ಮೂಗು ಬಿಡುತ್ತಿತ್ತು, ಏಕೆಂದರೆ ಅದು ಮೂಗಿನ ಒಳಪೊರೆಯ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಊದಿದ ಪೊರೆ ಇಳಿದು ಗಾಳಿಗೆ ದಾರಿಯಾಗುತ್ತದೆ. ಪರಿಣಾಮ ಇಳಿದ ಮೇಲೆ ಪೊರೆ ಮತ್ತೆ ಊದಿಕೊಳ್ಳುತ್ತದೆ, ಕೆಲವೊಮ್ಮೆ ಮೊದಲಿಗಿಂತ ಹೆಚ್ಚಾಗಿ.

ಇದನ್ನು ಓದುವಾಗ ನಿಮ್ಮ ದಿಂಬಿನ ಪಕ್ಕದ ಮೂಗಿನ ಹನಿಯ ಬಾಟಲಿ ನೆನಪಾದರೆ ಒಳ್ಳೆಯದು. ಆಕ್ಸಿಮೆಟಾಜೋಲಿನ್, ಕ್ಸೈಲೋಮೆಟಾಜೋಲಿನ್ ಹನಿಗಳಲ್ಲಿ ಕೊಕೇನ್ ಇಲ್ಲ, ಅವು ಆ ತರಹದ ಮಾದಕವೂ ಅಲ್ಲ. ಆದರೆ ಮೂಗು ಬಿಡಿಸುವ ಬಗೆ ಅದೇ, ರಕ್ತನಾಳ ಕುಗ್ಗಿಸುವುದು. ನೆಗಡಿಗೆ ಮೂರರಿಂದ ಐದು ದಿನ ಸರಿ. ವಾರಗಟ್ಟಲೆ ಹಾಕಿದರೆ ಹನಿಯೇ ಮೂಗು ಕಟ್ಟಿಸುತ್ತದೆ, ಹನಿ ಇಲ್ಲದೆ ನಿದ್ದೆ ಬಾರದ ಸ್ಥಿತಿಗೆ ತರುತ್ತದೆ. ಅಲರ್ಜಿಗೆ ವೈದ್ಯರು ತಿಂಗಳುಗಟ್ಟಲೆ ಬರೆದುಕೊಡುವ ಸ್ಟಿರಾಯ್ಡ್ ಸ್ಪ್ರೇ ಬೇರೆಯದು. ಎರಡನ್ನೂ ಒಂದೇ ಎಂದುಕೊಂಡು ಆ ಸ್ಪ್ರೇಯನ್ನು ನಿಲ್ಲಿಸಬೇಡಿ.

1887ರಲ್ಲಿ ಫ್ರಾಯ್ಡ್ ಅವರಿಗೆ ಬರ್ಲಿನ್ನಿನ ವಿಲ್‌ಹೆಲ್ಮ್ ಫ್ಲೀಸ್ ಪರಿಚಯವಾದರು. ಫ್ಲೀಸ್ ಮೂಗು ಮತ್ತು ಗಂಟಲಿನ ವೈದ್ಯ. ಮಾತುಗಾರ, ಬುದ್ಧಿವಂತ, ತನ್ನ ಸಿದ್ಧಾಂತದ ಮೇಲೆ ಎಳ್ಳಷ್ಟೂ ಅನುಮಾನವಿಲ್ಲದವರು. ತಲೆನೋವು, ಹೊಟ್ಟೆನೋವು, ಮುಟ್ಟಿನ ನೋವು, ಮನಸ್ಸಿನ ದುಗುಡ ಎಲ್ಲಕ್ಕೂ ಮೂಲ ಮೂಗಿನೊಳಗಿದೆ ಎಂಬುದು ಅವರ ವಾದ. ಅದಕ್ಕೆ ಅವರು ಕೊಡುತ್ತಿದ್ದ ಸಾಕ್ಷಿ ಹೀಗಿತ್ತು: ಮೂಗಿನ ಒಂದು ಜಾಗಕ್ಕೆ ಕೊಕೇನ್ ಹಚ್ಚಿ, ಹೊಟ್ಟೆನೋವು ಹೋಗುತ್ತದೆ, ಹಾಗಾದರೆ ನೋವಿನ ಬೇರು ಆ ಜಾಗದಲ್ಲೇ ಇದೆ, ಅದನ್ನು ಸುಟ್ಟು ಹಾಕಿ ಅಥವಾ ಕೊಯ್ದು ತೆಗೆಯಿರಿ. ಹಚ್ಚಿದ ಕೊಕೇನ್ ರಕ್ತಕ್ಕೆ ಸೇರಿ ಇಡೀ ಮೈಗೂ ಮನಸ್ಸಿಗೂ ಹಾಯೆನಿಸುತ್ತದೆ ಎಂಬ ಸರಳ ಸಂಗತಿ ಆ ವಾದದಲ್ಲಿ ಬಿಟ್ಟುಹೋಗಿತ್ತು. ಫ್ರಾಯ್ಡ್ ಅಂಥ ಚುರುಕಿನವರಿಗೂ ಅದು ಹೊಳೆಯಲಿಲ್ಲ. ಸ್ನೇಹ ಗಾಢವಾಗಿತ್ತು. 1895ರಲ್ಲಿ ಅವರು ತಮ್ಮ ಮೂಗನ್ನೇ ಫ್ಲೀಸ್ ಕೈಗೆ ಒಪ್ಪಿಸಿದರು. ತಮ್ಮ ಒಬ್ಬ ರೋಗಿಯನ್ನೂ ಒಪ್ಪಿಸಿದರು.

ಆ ರೋಗಿ ಎಮ್ಮಾ ಎಕ್‌ಸ್ಟೈನ್, ಆಗ ಮೂವತ್ತು ವರ್ಷ. ಹೊಟ್ಟೆಯ ತೊಂದರೆ, ಮುಟ್ಟಿನ ನೋವು, ಮನಸ್ಸಿನ ಸಂಕಟ ಎಂದು ಫ್ರಾಯ್ಡ್ ಬಳಿ ಬಂದಿದ್ದವರು. ಮೂಗು ಕಟ್ಟಿದೆ ಎಂದು ಬಂದವರಲ್ಲ. ಫೆಬ್ರವರಿಯಲ್ಲಿ ಫ್ಲೀಸ್ ವಿಯೆನ್ನಾಕ್ಕೆ ಬಂದು ಅವರ ಟರ್ಬಿನೇಟ್ ಮೂಳೆಯನ್ನು ಕೊಯ್ದು ತೆಗೆದರು. ಬರ್ಲಿನ್ನಿಗೆ ವಾಪಸ್ ಹೋದರು.

ದಿನ ಕಳೆದಂತೆ ಎಮ್ಮಾ ಅವರ ಮುಖ ಊದಿತು. ನೋವು ಏರಿತು. ಕೀವು ಸುರಿಯಿತು, ಕೋಣೆಯಲ್ಲಿ ದುರ್ವಾಸನೆ ತುಂಬಿತು. ಫ್ರಾಯ್ಡ್ ಗಾಬರಿಯಾಗಿ ಬೇರೆ ಶಸ್ತ್ರವೈದ್ಯರನ್ನು ಕರೆಸಿದರು. ಕೀವು ಹರಿಯಲು ನಳಿಕೆ ಇಟ್ಟರೂ ಕಡಿಮೆಯಾಗಲಿಲ್ಲ. ಮಾರ್ಚ್ ಮೊದಲ ವಾರದಲ್ಲಿ ಇಗ್ನಾಜ್ ರೋಸಾನೆಸ್ ಎಂಬ ವೈದ್ಯರು ಬಂದು ಗಾಯ ಸ್ವಚ್ಛಮಾಡುತ್ತಿದ್ದಾಗ ದಾರದಂಥದ್ದೇನೋ ಸಿಕ್ಕಿತು. ಎಳೆದರು. ಎಳೆಯುತ್ತಾ ಹೋದಂತೆ ಅರ್ಧ ಮೀಟರಿನಷ್ಟು ಬ್ಯಾಂಡೇಜ್ ಬಟ್ಟೆ ಹೊರಬಂತು. ಫ್ಲೀಸ್ ಅದನ್ನು ಒಳಗೇ ಬಿಟ್ಟುಹೋಗಿದ್ದರು. ಬಟ್ಟೆಯ ಹಿಂದೆಯೇ ರಕ್ತ ಧುಮುಕಿತು. ಎಮ್ಮಾ ಬಿಳಿಚಿಕೊಂಡರು, ನಾಡಿ ಸಿಗದಾಯಿತು. ರೋಸಾನೆಸ್ ಮತ್ತೆ ಬಟ್ಟೆ ತುರುಕಿ ರಕ್ತ ನಿಲ್ಲಿಸಿದರು. ಎಲ್ಲ ಅರ್ಧ ನಿಮಿಷದ ಮಾತು. ಫ್ರಾಯ್ಡ್‌ಗೆ ತಲೆಸುತ್ತು ಬಂದು ಪಕ್ಕದ ಕೋಣೆಗೆ ಹೋಗಿ ಕುಳಿತರು. ಒಂದು ಗುಟುಕು ಬ್ರಾಂದಿ ಕುಡಿದು ವಾಪಸ್ ಬಂದಾಗ, ಸಾವಿನ ಬಾಗಿಲಿಗೆ ಹೋಗಿಬಂದ ಎಮ್ಮಾ, ಗಂಡಸರ ಧೈರ್ಯದ ಬಗ್ಗೆ ಅವರನ್ನು ಛೇಡಿಸಿದರಂತೆ.

ಮುಂದಿನ ವಾರಗಳಲ್ಲೂ ಮತ್ತೆಮತ್ತೆ ರಕ್ತ ಸುರಿಯಿತು. ಎಮ್ಮಾ ಬದುಕಿದರು, ಆದರೆ ಮುಖದ ಒಂದು ಬದಿ ಕಡೆಯವರೆಗೂ ಒಳಕ್ಕೆ ಕುಸಿದೇ ಇತ್ತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಇಂದೂ ಮೂಗಿನ ಆಪರೇಷನ್ ಆದ ಮೇಲೆ ಕೆಲವೊಮ್ಮೆ ಒಳಗೆ ಬಟ್ಟೆ ಅಥವಾ ಸ್ಪಂಜಿನಂಥ ಪ್ಯಾಕ್ ಇಡುತ್ತಾರೆ. ಎಷ್ಟು ಇಟ್ಟಿದ್ದಾರೆ, ಯಾವಾಗ ತೆಗೆಯುತ್ತಾರೆ, ಅಥವಾ ತಾನಾಗಿ ಕರಗುವಂಥದ್ದೇ ಎಂಬುದನ್ನು ಮನೆಗೆ ಹೊರಡುವ ಮುನ್ನ ಕೇಳಿ, ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಮೊದಲ ಕೆಲವು ದಿನ ಮೂಗು ಕಟ್ಟಿರುವುದು, ರಕ್ತ ಮಿಶ್ರಿತ ಸಿಂಬಳ ಬರುವುದು ಸಹಜ. ದುರ್ವಾಸನೆಯ ಸ್ರಾವ, ಜ್ವರ, ಮುಖ ಅಥವಾ ಕಣ್ಣಿನ ಸುತ್ತ ಊತ, ನಿಲ್ಲದ ರಕ್ತ, ಕತ್ತು ಬಗ್ಗಿಸಲಾಗದ ತಲೆನೋವು ಸಹಜವಲ್ಲ. ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ.

ಫ್ರಾಯ್ಡ್ ಆಮೇಲೆ ಮಾಡಿದ್ದನ್ನು ಕ್ಷಮಿಸುವುದು ನನಗೆ ಕಷ್ಟ. ಗೆಳೆಯನದೇನೂ ತಪ್ಪಿಲ್ಲ ಎಂದು ಬರ್ಲಿನ್ನಿಗೆ ಪತ್ರದ ಮೇಲೆ ಪತ್ರ ಬರೆದು ಸಮಾಧಾನ ಮಾಡಿದರು. ಒಂದು ವರ್ಷ ಕಳೆಯುವ ಹೊತ್ತಿಗೆ, ಎಮ್ಮಾ ರಕ್ತ ಸುರಿಸಿದ್ದು ಒಳಗಿನ ಹಂಬಲದಿಂದ, ತನ್ನ ಕಡೆ ಗಮನ ಸೆಳೆಯಲು ಎಂಬ ತೀರ್ಮಾನಕ್ಕೆ ಬಂದರು. ಅರ್ಧ ಮೀಟರ್ ಬಟ್ಟೆಯನ್ನು ಕಣ್ಣಾರೆ ಕಂಡವರು ಅವರೇ! ಆದರೆ ಅವರ ನಿದ್ದೆ ಒಪ್ಪಲಿಲ್ಲ ಅಂತ ಕಾಣುತ್ತದೆ. 1895ರ ಜುಲೈನಲ್ಲಿ ಬಿದ್ದ ಒಂದು ಕನಸಿನಲ್ಲಿ ಅವರು ರೋಗಿಯೊಬ್ಬಳ ಬಾಯಿ ತೆರೆಸಿ ನೋಡುತ್ತಾರೆ. ಒಳಗೆ ಮೂಗಿನ ಟರ್ಬಿನೇಟ್ ಮೂಳೆಯಂಥ ಸುರುಳಿಗಳು, ಅವುಗಳ ಮೇಲೆ ಬೂದುಬಣ್ಣದ ಹಕ್ಕಳೆ. ಕನಸುಗಳ ಬಗೆಗಿನ ಅವರ ಪ್ರಸಿದ್ಧ ಪುಸ್ತಕದಲ್ಲಿ ವಿವರವಾಗಿ ಬಿಡಿಸಿ ತೋರಿಸಿದ ಮೊದಲ ಕನಸು ಇದೇ. ಅಲ್ಲಿ ಅವರು ಇನ್ನೊಂದನ್ನೂ ಒಪ್ಪಿಕೊಳ್ಳುತ್ತಾರೆ: ತಮ್ಮನ್ನು ನೋಡಿ ಮೂಗಿಗೆ ಕೊಕೇನ್ ಹಚ್ಚಿಕೊಂಡ ಮಹಿಳೆಯೊಬ್ಬರ ಮೂಗಿನ ಒಳಪೊರೆ ಕೊಳೆತುಹೋಗಿತ್ತು.

ಅಂದು ಸುಲಭವಾಗಿ ಕೊಯ್ದೆಸೆದ ಟರ್ಬಿನೇಟ್ ಏನು ಮಾಡುತ್ತದೆ? ನಿಮ್ಮ ಎರಡೂ ಹೊಳ್ಳೆಗಳ ಪಕ್ಕದ ಗೋಡೆಗೆ ಒಂದರ ಕೆಳಗೊಂದು ಮೂರು ಮೂಳೆಸುರುಳಿಗಳಿವೆ, ಮೇಲೆ ರಕ್ತ ತುಂಬಿದ ಮೆತ್ತನೆ ಪೊರೆ. ದೆಹಲಿಯ ಜನವರಿಯ ಕೊರೆಯುವ ಗಾಳಿಯಾಗಲಿ ಮುಂಬೈ ರಸ್ತೆಯ ದೂಳಾಗಲಿ, ಶ್ವಾಸಕೋಶ ಮುಟ್ಟುವ ಮುಂಚೆ ಅದನ್ನು ಬೆಚ್ಚಗೆ ಮಾಡಿ, ತೇವ ಕೊಟ್ಟು, ಸೋಸುವುದು ಇವೇ. ಇವು ಸರದಿಯ ಮೇಲೆ ಊದಿ ಇಳಿಯುತ್ತವೆ. ಆದ್ದರಿಂದ ಗಂಟೆಗಟ್ಟಲೆ ಒಂದು ಹೊಳ್ಳೆ ಬಿಗಿಯಾಗಿ, ಆಮೇಲೆ ಇನ್ನೊಂದು ಬಿಗಿಯಾದರೆ ಅದು ರೋಗವಲ್ಲ. ಟರ್ಬಿನೇಟ್ ಅತಿಯಾಗಿ ತೆಗೆದರೆ ಮೂಗು ಒಣಗಿ ಹಕ್ಕಳೆಗಟ್ಟುತ್ತದೆ. ಕೆಲವರಿಗೆ ದಾರಿ ಅಗಲವಾಗಿದ್ದರೂ ಉಸಿರು ಹೋಗುತ್ತಿಲ್ಲ ಎನಿಸುತ್ತದೆ, ಏಕೆಂದರೆ ಗಾಳಿ ಹರಿಯುವುದನ್ನು ನಾವು ತಿಳಿಯುವುದು ಪೊರೆಗೆ ತಾಗುವ ತಂಪಿನಿಂದ. ಹೀಗಾಗಿ ಇಂದು ಒಳ್ಳೆಯ ಶಸ್ತ್ರವೈದ್ಯರು ಅದನ್ನು ಕುಗ್ಗಿಸುತ್ತಾರೆ, ಪೂರ್ತಿ ತೆಗೆಯುವುದಿಲ್ಲ.

ನಡುಗೋಡೆ ಸೊಟ್ಟಗಿರುವುದು ಬೇರೆ ವಿಷಯ. ಎರಡು ಹೊಳ್ಳೆಗಳ ನಡುವಿನ ಗೋಡೆ ಬಹುಪಾಲು ಜನರಲ್ಲಿ ಸ್ವಲ್ಪವಾದರೂ ಡೊಂಕಾಗಿರುತ್ತದೆ, ಹೆಚ್ಚಿನವರಿಗೆ ಅದರಿಂದ ತೊಂದರೆಯಿಲ್ಲ. ಸ್ಕ್ಯಾನಿನಲ್ಲಿ ಡೊಂಕು ಕಂಡಿತು ಎಂಬುದೊಂದೇ ಆಪರೇಷನ್‌ಗೆ ಕಾರಣವಾಗದು. ಒಂದೇ ಬದಿ ಸದಾ ಕಟ್ಟಿದ್ದು, ಔಷಧಿಗೆ ಬಗ್ಗದೆ, ಒಳಗೆ ಕಾಣುವ ಡೊಂಕೂ ನಿಮ್ಮ ತೊಂದರೆಯೂ ಹೊಂದಿಕೆಯಾದರೆ ಆಗ ಸರಿಪಡಿಸಬಹುದು. ಒಳಪೊರೆಯನ್ನು ಉಳಿಸಿಕೊಂಡು ಗೋಡೆಯನ್ನು ಮಾತ್ರ ಸರಿಮಾಡುವ ಕ್ರಮ ರೂಪುಗೊಂಡದ್ದು ಎಮ್ಮಾ ಪ್ರಕರಣದ ಹತ್ತು ವರ್ಷದೊಳಗೆ, ಜರ್ಮನಿಯ ಗುಸ್ತಾವ್ ಕಿಲಿಯನ್, ಅಮೆರಿಕದ ಆಟೋ ಫ್ರೀರ್ ಮುಂತಾದವರ ಕೈಯಲ್ಲಿ.

ವಾಸನೆಯ ಬಗ್ಗೆಯೂ ಫ್ರಾಯ್ಡ್ ಯೋಚಿಸಿದ್ದರು. ಮನುಷ್ಯ ಎದ್ದು ನಿಂತಾಗ ಮೂಗು ನೆಲದಿಂದ ದೂರವಾಗಿ ವಾಸನೆಯ ಶಕ್ತಿ ಹಿಂದೆ ಸರಿಯಿತು ಎಂದು 1897ರಲ್ಲೇ ಫ್ಲೀಸ್‌ಗೆ ಬರೆದರು. 1930ರ ಪುಸ್ತಕದಲ್ಲೂ ಅದನ್ನೇ ಹೇಳಿದರು. ನಮ್ಮ ಮೂಗು ಅವರು ಅಂದುಕೊಂಡಷ್ಟು ದಡ್ಡ ಅಲ್ಲ. ಸುಮಾರು 400 ಬಗೆಯ ವಾಸನಾಗ್ರಾಹಕಗಳು ಅದರಲ್ಲಿ ಕೆಲಸ ಮಾಡುತ್ತವೆ. ಅವು ಇರುವುದು ಮೂಗಿನ ಚಾವಣಿಯ ಕಿರಿದಾದ ಸಂದಿಯಲ್ಲಿ. ಪಾಲಿಪ್ ಬೆಳೆದೋ ಪೊರೆ ಊದಿಯೋ ಗಾಳಿ ಅಲ್ಲಿಗೆ ತಲುಪದಿದ್ದರೆ ಒಗ್ಗರಣೆಯ ಘಮ ಗೊತ್ತಾಗುವುದಿಲ್ಲ; ಆ ದಾರಿ ತೆರೆದರೆ ಅನೇಕರಿಗೆ ವಾಸನೆ ಮರಳುತ್ತದೆ. ವೈರಸ್ ಜ್ವರದಿಂದಲೋ ತಲೆಗೆ ಪೆಟ್ಟು ಬಿದ್ದೋ ನರವೇ ಹಾಳಾಗಿದ್ದರೆ ನಡುಗೋಡೆ ನೆಟ್ಟಗೆ ಮಾಡಿ ಉಪಯೋಗವಿಲ್ಲ. ನಿಮಗೆ ಯಾವುದು ಎಂದು ಆಪರೇಷನ್‌ಗೆ ಮುಂಚೆಯೇ ಕೇಳಿ ತಿಳಿದುಕೊಳ್ಳಿ.

ಫ್ಲೀಸ್ ಸ್ನೇಹ ಮುರಿಯಿತು, ಚುಟ್ಟಾ ಸ್ನೇಹ ಉಳಿಯಿತು. 1923ರಲ್ಲಿ ಫ್ರಾಯ್ಡ್ ಬಾಯೊಳಗೆ ಗಂಟು ಕಾಣಿಸಿಕೊಂಡಿತು. ಅದನ್ನು ಮೊದಲು ತೆಗೆದವರು ಮಾರ್ಕುಸ್ ಹಾಯೆಕ್, ಹೆಸರಾಂತ ಮೂಗಿನ ವೈದ್ಯ. ಬಂದುಹೋಗುವ ರೋಗಿಯಂತೆ ಮಾಡಿದ ಆಪರೇಷನ್. ರಕ್ತ ಸುರಿಯತೊಡಗಿದಾಗ ಕೋಣೆಯಲ್ಲಿ ಇದ್ದದ್ದು ಇನ್ನೊಬ್ಬ ರೋಗಿ ಮಾತ್ರ. ಕರೆಗಂಟೆ ಕೆಲಸ ಮಾಡಲಿಲ್ಲ. ಆ ರೋಗಿಯೇ ಓಡಿಹೋಗಿ ನರ್ಸನ್ನು ಕರೆತಂದ. ಅಕ್ಟೋಬರಿನಲ್ಲಿ ಹಾನ್ಸ್ ಪಿಖ್ಲರ್ ಬಲಗಡೆಯ ಮೇಲ್ದವಡೆ ಮತ್ತು ಅಂಗುಳನ್ನು ತೆಗೆದರು. ಬಾಯಿ ಮತ್ತು ಮೂಗಿನ ನಡುವಿನ ಗೋಡೆಯೇ ಹೋಯಿತು. ಆ ತೂತನ್ನು ಮುಚ್ಚಲು ದೊಡ್ಡ ಕೃತಕ ಅಂಗುಳು. ಅದಿಲ್ಲದೆ ಊಟವಿಲ್ಲ, ಮಾತಿಲ್ಲ; ಹಾಕಿಕೊಂಡರೆ ಉಜ್ಜಿ ಹುಣ್ಣು. ಹದಿನಾರು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಆಪರೇಷನ್. ಅಷ್ಟಾದರೂ ಚುಟ್ಟಾ ಬಿಡಲಿಲ್ಲ.

1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಲಂಡನ್ ಸೇರಿದರು. ಮರುವರ್ಷ ದವಡೆಯ ಮೂಳೆ ಕೊಳೆತು, ವಾಸನೆ ಎಷ್ಟು ತೀವ್ರವಾಯಿತೆಂದರೆ ಅವರು ಬಹಳ ಪ್ರೀತಿಸುತ್ತಿದ್ದ ಚೌ ನಾಯಿ ಹತ್ತಿರ ಬರದೆ ಕೋಣೆಯ ಮೂಲೆಯಲ್ಲಿ ಮುದುರಿಕೊಂಡಿತು. ನೊಣ ಮುತ್ತದಂತೆ ಹಾಸಿಗೆಗೆ ಸೊಳ್ಳೆಪರದೆ ಕಟ್ಟಿದರು. ಸೆಪ್ಟೆಂಬರ್ 23ರಂದು ಅವರು ತೀರಿಕೊಂಡರು.

ಎಮ್ಮಾ 1924ರಲ್ಲೇ ತೀರಿಹೋಗಿದ್ದರು. ಫ್ಲೀಸ್‌ಗೆ ಬರೆದ ಪತ್ರಗಳನ್ನು ನಾಶಮಾಡಬೇಕೆಂದು ಫ್ರಾಯ್ಡ್ ಬಯಸಿದ್ದರು; ಅವರ ಶಿಷ್ಯೆ ಮರೀ ಬೊನಪಾರ್ಟ್ ಅವನ್ನು ಕೊಂಡು, ಉಳಿಸಿದರು. 1950ರಲ್ಲಿ ಪತ್ರಗಳು ಅಚ್ಚಾದಾಗ ಆಪರೇಷನ್ ಅವಾಂತರದ ಭಾಗಗಳನ್ನು ಬಿಡಲಾಗಿತ್ತು. ಅವು 1966ರಲ್ಲಿ, ಫ್ರಾಯ್ಡ್ ಅವರ ಕೊನೆಯ ವೈದ್ಯ ಮ್ಯಾಕ್ಸ್ ಶುರ್ ಬರೆದ ಲೇಖನದಲ್ಲಿ ಮೊದಲು ಬೆಳಕಿಗೆ ಬಂದವು; ಪೂರ್ತಿ ಪತ್ರಗಳು 1985ರಲ್ಲಿ.